ಜೂನ್ ಒಂದರಂದು ಹುಟ್ಟಿದವರು

ಪುಣೆಯ ನಮ್ಮ ಕನ್ನಡ ಸಂಘದಲ್ಲಿ ಪ್ರತಿ ಕಾರ್ತಿಕ ಹುಣ್ಣಿಮೆಯಂದು ಒಂದು ಸಣ್ಣ ಸಮಾರಂಭ ನಡೆಯುತ್ತದೆ. ಸಾವಿರ ಹುಣ್ಣಿಮೆ ಕಂಡ ಸದಸ್ಯರನ್ನು ಸಾಲಾಗಿ ಮಣೆಯ ಮೇಲೆ ಕೂರಿಸಿ, ಆರತಿ ಬೆಳಗಿ, ಬೆಳ್ಳಿಯ ಪುಟ್ಟ ಚಂದ್ರಬಿಂಬವೊಂದನ್ನು ಕೈಗಿಡುವುದು ಪದ್ಧತಿ. ಸಹಸ್ರ ಚಂದ್ರ ದರ್ಶನವನ್ನು ಎಷ್ಟನೆಯ ವಯಸ್ಸಿಗೆ ಮಾಡಬೇಕೆಂಬುದರಲ್ಲಿ ಪುರೋಹಿತರಿಗೆ ಮತಭೇದವಿದೆ. ಚಂದ್ರನ ಗತಿಯನ್ನು ಹಿಡಿದು ಲೆಕ್ಕ ಹಾಕಿದರೆ ಎಂಬತ್ತು ವರ್ಷ, ಅದರ ಮೇಲೆ ಒಂಬತ್ತೋ ಹತ್ತೋ ತಿಂಗಳು ಎಂಬ ಉತ್ತರ ಬರುತ್ತದೆ. ನಾನು ಆ ಲೆಕ್ಕದ ಪಕ್ಷದವನು.

ಹಿಂದಿನ ವರ್ಷ ಎಂಬತ್ತೂ ತುಂಬದ ಒಬ್ಬರು ಮಣೆ ಏರಿದರೆಂಬ ಗೊಣಗಾಟ ಹಲವು ತಿಂಗಳು ನಡೆದಿತ್ತು. ಆದ್ದರಿಂದ ಈ ಬಾರಿ ಹೆಸರುಗಳನ್ನು ಪರಿಶೀಲಿಸುವ ಕೆಲಸ ನನಗೆ ಬಂತು. ಶಾಸನಗಳ ಕಾಲನಿರ್ಣಯದಲ್ಲಿ ವೃತ್ತಿಜೀವನವನ್ನೆಲ್ಲ ಕಳೆದವನು ನಾನು. ತಿಥಿ, ವಾರ, ಸಂವತ್ಸರ ಮೂರೂ ಒಂದಕ್ಕೊಂದು ಹೊಂದದಿದ್ದರೆ ಅರಸನ ಹೆಸರಿದ್ದರೂ ಆ ಶಾಸನವನ್ನು ನಂಬುವವನಲ್ಲ. ಅಂಥವನ ಕೈಗೆ ಪಟ್ಟಿ ಕೊಟ್ಟರೆ ಜಗಳವಿರದು ಎಂಬುದು ಸಮಿತಿಯ ನಂಬಿಕೆಯಾಗಿತ್ತು.

ಸಂಘದ ಕಾರ್ಯದರ್ಶಿ ತುಮಕೂರಿನ ಕಡೆಯ ಮಹಿಳೆ. ವಾಕಡದಲ್ಲಿ ಮನೆ, ಸಾಫ್ಟ್‌ವೇರ್ ಕಂಪನಿಯಲ್ಲಿ ಇಪ್ಪತ್ತು ವರ್ಷಗಳ ಅನುಭವ. ಕೈಬರಹದ ನೋಂದಣಿ ಪುಸ್ತಕವನ್ನು ಬದಿಗಿಟ್ಟು ಆನ್‌ಲೈನ್ ಫಾರ್ಮ್ ಮಾಡೋಣವೆಂದು ಆಕೆ ಸೂಚಿಸಿದರು. ಹೆಸರು, ತಂದೆಯ ಹೆಸರು, ಹುಟ್ಟಿದ ಊರು, ಜನ್ಮದಿನಾಂಕ, ದಾಖಲೆಯ ಪ್ರತಿ. ದಿನಾಂಕ ದಾಖಲೆಯಲ್ಲಿದ್ದಂತೆಯೇ ಇರಬೇಕು, ಅದಿಲ್ಲದೆ ಫಾರ್ಮ್ ಮುಂದೆ ಹೋಗಕೂಡದು ಎಂದು ಹಟ ಹಿಡಿದವನು ನಾನೇ. ಸಾವಿರ ಹುಣ್ಣಿಮೆಗೆ ದಿನ ಸಾಲದವರಿಗೆ ತಾನಾಗಿ ಹೋಗುವ ಉತ್ತರವನ್ನೂ ನಾನೇ ಬರೆದುಕೊಟ್ಟೆ: ‘ನಿಮ್ಮ ಸರದಿಗೆ ಇನ್ನೂ ಇಷ್ಟು ಕಾಲವಿದೆ. ಆರೋಗ್ಯವಾಗಿರಿ.’ ಕೊನೆಯ ಮಾತಿನ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಬಂದ ಉತ್ತರಗಳನ್ನು ಜೋಡಿಸಿ ತಾಳೆ ನೋಡಲು ಪ್ರೋಗ್ರಾಂ ಬರೆಯುವ ಎಐ ಸಹಾಯಕವೊಂದನ್ನು ಫಾರ್ಮಿಗೆ ಸೇರಿಸುವುದು ಆಕೆಯ ಎರಡನೆಯ ಸೂಚನೆ. ಗಣೇಶ ವಿಸರ್ಜನೆ ಮುಗಿದ ಮರುವಾರ, ಸಂಘದ ವಾಚನಾಲಯದಲ್ಲಿ ನನ್ನ ಲ್ಯಾಪ್‌ಟಾಪಿನ ಮುಂದೆ ಇಬ್ಬರೂ ಕುಳಿತೆವು. ಕೆಲಸ ನಾನೆಣಿಸಿದಷ್ಟು ಕಠಿಣವಾಗಿರಲಿಲ್ಲ. ಫಾರ್ಮ್ ಸೇವೆಯ ಸೆಟ್ಟಿಂಗ್‌ನಲ್ಲಿ ಅಕ್ಷರ ಅಂಕಿಗಳು ಕಲಸಿದ ಒಂದು ಉದ್ದನೆಯ ಕೀಲಿ ಸಿಗುತ್ತದೆ. ಅದನ್ನು ಸಹಾಯಕದ ಸೆಟ್ಟಿಂಗ್‌ನಲ್ಲಿ ಅಂಟಿಸಬೇಕು. ಅದಕ್ಕೆ ಏನೇನು ಮಾಡಲು ಅನುಮತಿ ಇದೆಯೆಂದು ಗುರುತು ಹಾಕಬೇಕು. ಓದುವ ಅನುಮತಿಯನ್ನು ಕೊಟ್ಟೆ, ತಿದ್ದುವುದನ್ನು ಕೊಡಲಿಲ್ಲ.

“ಬರೀ ರೀಡ್ ಪರ್ಮಿಷನ್ ಸಾಕಾ ಸರ್? ಅದು ನೋಡುತ್ತೆ ಅಷ್ಟೆ, ಏನೂ ಮುಟ್ಟಲ್ಲ” ಎಂದರು ಕಾರ್ಯದರ್ಶಿ.

ಮೂಲ ದಾಖಲೆಯನ್ನು ಮುಟ್ಟಲು ನನ್ನ ವಿದ್ಯಾರ್ಥಿಗಳಿಗೂ ಮೊದಲ ವರ್ಷ ಬಿಡುತ್ತಿರಲಿಲ್ಲವೆಂದು ಹೇಳಿದೆ. ಪ್ರಯೋಗಕ್ಕಾಗಿ ಮೊದಲ ಫಾರ್ಮನ್ನು ನನ್ನದೇ ವಿವರಗಳಿಂದ ತುಂಬಿದೆವು. ಅದನ್ನು ಬಳಿಕ ಅಳಿಸಬೇಕಿತ್ತು. ಮರೆತೆ.

ದಸರೆಗೆ ಮುಂಚೆ ನನ್ನ ಅಕ್ಕ ಫೋನ್ ಮಾಡಿದಳು. ಅವಳು ಇದೇ ಊರಿನ ಕೊಂಢವಾದಲ್ಲಿ ಮಗಳ ಮನೆಯಲ್ಲಿರುತ್ತಾಳೆ. ಧ್ವನಿಯಲ್ಲಿ ಎಂದಿನ ಚೇಷ್ಟೆ ಇತ್ತು, ಆದರೆ ಅದರ ಕೆಳಗೆ ಬೇರೇನೋ ಇದ್ದಂತಿತ್ತು.

“ಏನೋ, ನಿನ್ನ ಕಂಪ್ಯೂಟರ ನನಗ ಇನ್ನೂ ಎರಡೂವರಿ ವರ್ಷ ತಡೀ ಅಂತದಲ್ಲ. ಮ್ಯಾಲ ಆರೋಗ್ಯವಾಗಿರ್ರಿ ಅಂತ ಬ್ಯಾರೆ.”

ಅವಳ ಅವಸರಕ್ಕೆ ಕಾರಣ ಒಬ್ಬ ಹಳೆಯ ಗೆಳತಿ ಎಂಬುದು ನನಗೆ ಗೊತ್ತಿತ್ತು. ಮದುವೆಯಾಗಿ ಒಂದೇ ವರ್ಷ ಈ ಊರಿಗೆ ಬಂದವರು ಇಬ್ಬರೂ. ಪುಣೆ ಕ್ಯಾಂಪಿನ ಒಂದೇ ಚಾಳದಲ್ಲಿ, ಒಂದೇ ನಲ್ಲಿಯ ಮುಂದೆ ಕೊಡ ಇಟ್ಟು ಮರಾಠಿ ಕಲಿತವರು. ಸಾವಿರ ಹುಣ್ಣಿಮೆಯ ಮಣೆಯ ಮೇಲೆ ಪಕ್ಕಪಕ್ಕದಲ್ಲಿ ಕೂರಬೇಕೆಂದು ಹಿಂದೆಯೇ ಮಾತಾಡಿಕೊಂಡಿದ್ದರು. ಗೆಳತಿ ಹುಟ್ಟಿದ್ದು ಬೆಳಗಾವಿಯ ಆಸ್ಪತ್ರೆಯಲ್ಲಿ. ದಾಖಲೆ ಚೊಕ್ಕವಾಗಿತ್ತು, ಹೆಸರು ಪಟ್ಟಿಗೆ ಸೇರಿತ್ತು. ಕಾರ್ತಿಕ ಮುಗಿದ ಮೇಲೆ ಆಕೆ ನಾಗಪುರದ ಮಗಳ ಮನೆಗೆ ಹೊರಡುವವಳಿದ್ದಳು, ಮರಳಿ ಬರುವ ಯೋಚನೆ ಇರಲಿಲ್ಲ. ಜೊತೆಗೆ ಕೂರುವುದಿದ್ದರೆ ಈ ವರ್ಷವೇ.

ದಾಖಲೆ ಇದ್ದಂತೆ ಹೋಗಬೇಕಾಗುತ್ತದೆ ಎಂದು ನಾನು ಅಕ್ಕನಿಗೆ ವಿವರಿಸಿದೆ.

“ದಾಖಲಿ ಬರದಾಂವ ಹೆಡ್ ಮಾಸ್ತರ,” ಎಂದಳು ಅಕ್ಕ. “ನಾ ಹುಟ್ಟೋದು ಆಂವಾ ನೋಡಿದ್ನೇನು?” ಅಷ್ಟು ಕೇಳಿ ಫೋನ್ ಇಟ್ಟಳು.

ಅವಳು ನನಗಿಂತ ಮೂರು ವರ್ಷ ದೊಡ್ಡವಳೆಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ಆದರೆ ಎಲ್ಲರಿಗೂ ಗೊತ್ತಿದ್ದ ಮಾತು ಪುರಾವೆಯಲ್ಲ. ಹಿಂದಿನ ವಾರವಷ್ಟೇ ರೈಲ್ವೆಯಿಂದ ನಿವೃತ್ತರಾದ ಧಾರವಾಡದ ಹಿರಿಯರೊಬ್ಬರು ತಮ್ಮ ಜಾತಕ ತೋರಿಸಲು ಬಂದಿದ್ದಾಗ, ಅದು ದಾಖಲೆಯಲ್ಲವೆಂದು ವಿನಯದಿಂದಲೇ ಹಿಂದಿರುಗಿಸಿದ್ದೆ. “ಆಗಲ್ರಿ, ನಿಮ್ಮ ನಿಯಮ ನಿಮಗ” ಎಂದು ಅವರು ಚಪ್ಪಲಿ ಮೆಟ್ಟಿಕೊಂಡು ಹೋಗಿದ್ದರು. ಈಗ ಅಕ್ಕನಿಗಾಗಿ ಬಾಗಿಲು ತೆರೆದರೆ ಅವರ ಮುಖ ಹೇಗೆ ನೋಡಲಿ?

ಮರುದಿನ ಬೆಳಿಗ್ಗೆ ಸಹಾಯಕಕ್ಕೆ ಉತ್ತರಗಳನ್ನು ಪರಿಶೀಲಿಸಲು ಹೇಳಿದೆ. ಕನ್ನಡದಲ್ಲೇ ಬರೆದೆ, ಅದೂ ಕನ್ನಡದಲ್ಲೇ ಉತ್ತರಿಸಿತು. ಅದಕ್ಕೆ ಎರಡು ಸಂಶಯಗಳಿದ್ದವು. ಒಂದು, ಅರ್ಧಕ್ಕೂ ಹೆಚ್ಚು ಜನರ ಜನ್ಮದಿನ ಜೂನ್ ಒಂದು. ಫಾರ್ಮಿನಲ್ಲಿ ಆ ದಿನಾಂಕ ಮೊದಲೇ ತುಂಬಿಕೊಂಡಿರುವ ದೋಷವೇನಾದರೂ ಇದೆಯೇ? ಎರಡು, ಒಂದು ಜೊತೆ ಉತ್ತರಗಳಲ್ಲಿ ಹೆಸರು ಬೇರೆಯಾದರೂ ತಂದೆಯ ಹೆಸರು, ಹುಟ್ಟಿದ ಊರು, ಹುಟ್ಟಿದ ದಿನ ಮತ್ತು ವರ್ಷ ಎಲ್ಲವೂ ಒಂದೇ. ಇವರು ಅವಳಿಗಳೇ, ಅಥವಾ ಒಬ್ಬರೇ ಎರಡು ಸಲ ತುಂಬಿದ್ದಾರೆಯೇ? ಎರಡನೆಯದನ್ನು ಪಟ್ಟಿಯಿಂದ ಬಿಡಬಹುದೇ?

ತೆರೆದು ನೋಡಿದೆ. ಮೊದಲನೆಯದು ನನ್ನ ಪ್ರಯೋಗದ ಫಾರ್ಮ್. ಎರಡನೆಯದು ಅಕ್ಕನದು.

ಒಂದನೆಯ ಇಯತ್ತೆಗೆ ಹೆಸರು ಹಚ್ಚಿದ ದಿನ ನಾನು ಶಾಲೆಯ ಹೊಸ್ತಿಲಲ್ಲಿ ಅತ್ತು ರಂಪ ಮಾಡಿದ್ದೆ. ಅಕ್ಕನ ಕೈ ಬಿಡಲೊಲ್ಲೆ. ತಮ್ಮ ತಂಗಿಯರನ್ನು ಎತ್ತಿ ಆಡಿಸುತ್ತ ಮನೆಯಲ್ಲೇ ಉಳಿದಿದ್ದ ಅವಳನ್ನೂ ಅಂದೇ ಸೇರಿಸಿಕೊಳ್ಳಿರೆಂದು ಅಪ್ಪ ಕೇಳಿಕೊಂಡರು. ಹೆಡ್ ಮಾಸ್ತರರು ನನ್ನ ಹೆಸರಿನ ಮುಂದೆ ಜೂನ್ ಒಂದು ಎಂದು ಬರೆದಿದ್ದರು. ಶಾಲೆ ತೆರೆಯುವ ವೇಳೆಗೆ ವಯಸ್ಸು ತುಂಬಿರಬೇಕಾದ್ದರಿಂದ ಆ ಕಾಲದ ಮಾಸ್ತರರು ದಿನ ಗೊತ್ತಿಲ್ಲದ ಮಕ್ಕಳಿಗೆಲ್ಲ ಕೊಡುತ್ತಿದ್ದ ದಿನ ಅದು. ಅಕ್ಕ ಅದೇ ವರ್ಗಕ್ಕೆ ಬಂದಳಾದ್ದರಿಂದ ಅವಳ ಮುಂದೆಯೂ ಅದೇ ದಿನ, ಅದೇ ವರ್ಷ ಬಿತ್ತು. ನನ್ನ ಹಟದಿಂದ ಅವಳು ಶಾಲೆ ಕಂಡಳು, ಮೂರು ವರ್ಷ ಕಳೆದುಕೊಂಡಳು. ಕಾಗದದ ಮೇಲೆ ನಾವು ಅವಳಿಗಳು ಎಂಬುದು ನಮ್ಮ ಮನೆಯ ಹಳೆಯ ತಮಾಷೆ. ಆ ತಮಾಷೆಯನ್ನು ಎಪ್ಪತ್ತು ವರ್ಷ ಹೇಳಿಕೊಂಡು ನಕ್ಕವನೇ, ಅದೇ ಕಾಗದವನ್ನು ಪ್ರಮಾಣವೆಂದು ಕೇಳಿದ್ದೆ.

ಕಾರ್ಯದರ್ಶಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಅಕ್ಕನ ಒಂದು ಫಾರ್ಮನ್ನು ಸರಿಪಡಿಸುವುದು ಬೇಡ, ಫಾರ್ಮನ್ನೇ ಎಲ್ಲರಿಗಾಗಿ ಬದಲಿಸೋಣವೆಂದೆ. ಆಕೆ ನಕ್ಕು, “ಹಾಗಿದ್ರೆ ಎಡಿಟ್ ಪರ್ಮಿಷನ್ ಕೊಡಿ ಸರ್, ಅದಕ್ಕೀಗ ಎರಡನೇ ವರ್ಷ” ಎಂದರು.

ಕೊಟ್ಟೆ. ನಾನು ಹೇಳುತ್ತ ಹೋದಂತೆ ಸಹಾಯಕ ಫಾರ್ಮನ್ನು ತಿದ್ದಿತು. ಪ್ರತಿ ತಿದ್ದುಪಡಿಗೆ ಮುನ್ನ ತೋರಿಸಿ ಒಪ್ಪಿಗೆ ಕೇಳಿತು. ದಾಖಲೆಯ ದಿನಾಂಕ ಕಡ್ಡಾಯವಲ್ಲ. ನನ್ನ ‘ಆರೋಗ್ಯವಾಗಿರಿ’ ಹೋಯಿತು. ಬದಲಿಗೆ ಹೊಸ ಪ್ರಶ್ನೆಗಳು ಬಂದವು: ನೀವು ಹುಟ್ಟಿದ ದಿನದ ಬಗ್ಗೆ ಮನೆಯಲ್ಲಿ ಏನು ಹೇಳುತ್ತಿದ್ದರು? ಹೇಳುತ್ತಿದ್ದವರು ಯಾರು? ಆ ಕಾಲದ ಬರಹವಿರುವ ವಸ್ತು, ಜಾತಕ, ಪತ್ರ ಏನಾದರೂ ಇದ್ದರೆ ಫೋಟೊ ಹಾಕಿ. ಎಲ್ಲ ಸದಸ್ಯರಿಗೆ ಮತ್ತೆ ಕಳುಹಿಸಿದೆವು. ರೈಲ್ವೆಯ ಹಿರಿಯರ ಮನೆಗೆ ನಾನೇ ಹೋಗಿ ಕ್ಷಮೆ ಕೇಳಿ ಜಾತಕ ತಂದೆ. ಅವರು ಚಹಾ ಕೊಟ್ಟರು, ಮೊದಲಿನ ಮಾತನ್ನು ಎತ್ತಲಿಲ್ಲ.

ತಿಥಿ ಸಂವತ್ಸರಗಳನ್ನು ಇಂದಿನ ದಿನಾಂಕಕ್ಕೆ ಪರಿವರ್ತಿಸುವ ಪ್ರೋಗ್ರಾಮನ್ನು ಸಹಾಯಕ ಒಂದು ಮಧ್ಯಾಹ್ನದಲ್ಲಿ ಬರೆಯಿತು. ನಾನು ಹಿಂದೆ ಕೈಯಿಂದ ಲೆಕ್ಕ ಮಾಡಿದ ಹತ್ತು ಶಾಸನಗಳ ಕಾಲವನ್ನು ಕೊಟ್ಟು ಅದನ್ನು ಪರೀಕ್ಷಿಸಿದೆ. ಒಂಬತ್ತು ಸರಿಯಾದವು. ಹತ್ತನೆಯದರಲ್ಲಿ ಅಧಿಕಮಾಸವನ್ನು ಬಿಟ್ಟಿತ್ತು. ತೋರಿಸಿಕೊಟ್ಟೆ, ತಪ್ಪನ್ನು ಒಪ್ಪಿ, ತಿದ್ದಿ, ಹತ್ತನ್ನೂ ಮತ್ತೆ ಮೊದಲಿನಿಂದ ಲೆಕ್ಕ ಹಾಕಿ ತೋರಿಸಿತು.

ಉತ್ತರಗಳು ಬರತೊಡಗಿದವು. ಒಬ್ಬರು ಹುಟ್ಟಿದ್ದು ಕಣದಲ್ಲಿ ಜೋಳದ ರಾಶಿ ಮಾಡುವ ದಿನ. ಇನ್ನೊಬ್ಬರು ಅಣ್ಣನ ಮುಂಜಿಯ ಮರುದಿನ. ಬಂದ ನೆಂಟರು ಹಾಗೆಯೇ ಹೆಸರಿಡುವವರೆಗೂ ಉಳಿದರಂತೆ. ಒಬ್ಬರು ಬರೆದಿದ್ದು ಎರಡೇ ಪದ: ‘ಮಳಿ ಇತ್ತು.’ ಅವರ ಕಾಲನಿರ್ಣಯ ಇನ್ನೂ ಸಾಧ್ಯವಾಗಿಲ್ಲ.

ಅಕ್ಕನ ಉತ್ತರ ನಾಲ್ಕು ದಿನ ತಡವಾಗಿ ಬಂತು. ‘ನಾಗಪಂಚಮಿ, ಮಂಗಳವಾರ. ಅವ್ವ ತವರಿನ್ಯಾಗ ಜೋಕಾಲಿ ನೋಡಕೋತ ಕೂತಾಗ ಬ್ಯಾನಿ ಬಂದ್ವು ಅಂತ ಆಕೀನ ಹೇಳ್ತಿದ್ದಳು. ತೊಟ್ಟಿಲದಾಗ ಸೋದರಮಾವ ಕೊಟ್ಟ ತಂಬಿಗಿ ಮ್ಯಾಲ ಏನೋ ಬರದದ. ನನ್ನ ಕಣ್ಣಿಗೆ ಕಾಣಂಗಿಲ್ಲ.’ ಜೊತೆಗೆ ಹಿತ್ತಾಳೆಯ ತಂಬಿಗೆಯ ಒಂದು ಫೋಟೊ. ಅದನ್ನು ಸಹಾಯಕಕ್ಕೆ ತೋರಿಸಿದೆ. ಅಕ್ಷರ ಸವೆದಿವೆ, ಬೆಳಕು ಹೊಳೆಯುತ್ತಿದೆ, ಖಚಿತವಾಗಿ ಓದಲಾರೆ, ಊಹಿಸಿ ಹೇಳುವುದು ಸರಿಯಲ್ಲ ಎಂದಿತು. ನನಗೆ ಅದರ ಮೇಲೆ ಗೌರವ ಮೂಡಿದ್ದು ಆಗ.

ಅಕ್ಷರಗಳ ಅಚ್ಚು ತೆಗೆಯಲು ತೆಳುಕಾಗದ, ಪೆನ್ಸಿಲ್ ಸೀಸದ ಪುಡಿ, ಬಟ್ಟೆಯ ಉಂಡೆ ಹಿಡಿದು ಕೊಂಢವಾಕ್ಕೆ ಹೋದೆ. ಪಕ್ಕದಲ್ಲಿ ಹೊಸ ಕಟ್ಟಡ ಏಳುತ್ತಿರುವುದರಿಂದ ಅಕ್ಕನ ಬಾಲ್ಕನಿಯ ತುಳಸಿಯ ಮೇಲೂ ಸಿಮೆಂಟಿನ ಧೂಳು. ಅದಕ್ಕೆ ಅವಳು ದಿನವೂ ನೀರೆರೆಯುವುದು ಅದೇ ತಂಬಿಗೆಯಿಂದ. ನಾನು ಚಿಕ್ಕಂದಿನಿಂದ ನೀರು ಕುಡಿದದ್ದೂ ಅದರಲ್ಲೇ. ಹಳ್ಳಿಹಳ್ಳಿ ತಿರುಗಿ ಬಾವಿಕಟ್ಟೆಯ ಕಲ್ಲುಗಳನ್ನು ತೊಳೆದು ಓದಿದವನು ಇದನ್ನೊಮ್ಮೆಯೂ ತಿರುಗಿಸಿ ನೋಡಿರಲಿಲ್ಲ.

“ನಿತ್ಯ ಹುಣಸಿಹಣ್ಣು ಹಚ್ಚಿ ತಿಕ್ಕೀನಿ. ಉಳದದೋ ಇಲ್ಲೋ” ಎಂದಳು ಅಕ್ಕ. ಮೊದಲ ಬಾರಿ ಅವಳ ಧ್ವನಿಯಲ್ಲಿ ಚೇಷ್ಟೆ ಇರಲಿಲ್ಲ.

ಕಂಠದ ಕೆಳಗೆ ಕಾಗದ ಸುತ್ತಿ ಸೀಸದ ಪುಡಿಯನ್ನು ಮೆಲ್ಲಗೆ ಉಜ್ಜಿದೆ. ಚುಕ್ಕೆ ಚುಕ್ಕೆಯಾಗಿ ಕೊರೆದ ಅಕ್ಷರಗಳು ಬೆಳ್ಳಗೆ ಎದ್ದು ಬಂದವು. ಮಾವನ ಹೆಸರಿನ ಅರ್ಧ ಅಳಿಸಿತ್ತು. ಅದರ ಮುಂದಿನದು ಉಳಿದಿತ್ತು: ತಾರಣ ಸಂ|| ಶ್ರಾ|| ಬ|| ೧ ಸ್ಥಿರವಾರ.

ಸ್ಥಿರವಾರವೆಂದರೆ ಶನಿವಾರ. ತೊಟ್ಟಿಲ ಶಾಸ್ತ್ರ ನಮ್ಮಲ್ಲಿ ಹನ್ನೆರಡನೆಯ ದಿನ. ಶ್ರಾವಣ ಬಹುಳ ಪಾಡ್ಯದಿಂದ ಹನ್ನೆರಡು ದಿನ ಹಿಂದಕ್ಕೆ ಎಣಿಸಿದರೆ ಶುದ್ಧ ಪಂಚಮಿ, ವಾರ ಮಂಗಳವಾರ. ಅವ್ವನ ಮಾತು, ಮಾವನ ತಂಬಿಗೆ. ಮನೆಗೆ ಬಂದು ಪ್ರೋಗ್ರಾಮಿಗೆ ಕೊಟ್ಟೆ, ಹಳೆಯ ಮುದ್ರಿತ ಕೋಷ್ಟಕಗಳಲ್ಲಿ ಬೆರಳಿಟ್ಟು ನೋಡಿದೆ. ಕಾಗದದ ವರ್ಷಕ್ಕಿಂತ ಮೂರು ವರ್ಷ ಹಿಂದಿನ ತಾರಣ ಸಂವತ್ಸರದಲ್ಲಿ ತಿಥಿ ವಾರಗಳು ಹಾಗೆಯೇ ಕೂಡುತ್ತಿದ್ದವು. ಅಕ್ಕನ ಸಾವಿರದ ಹುಣ್ಣಿಮೆ ಈ ಬೇಸಿಗೆಯಲ್ಲೇ ಆಗಿಹೋಗಿತ್ತು. ಬರುವ ಕಾರ್ತಿಕದ್ದು ಸಾವಿರದ ಆರನೆಯದು.

ಸ್ವಂತ ಅಕ್ಕನ ವಿಷಯದಲ್ಲಿ ನಾನೇ ತೀರ್ಪು ಕೊಡುವುದು ಸರಿಯಲ್ಲವೆಂದು ಕಡತವನ್ನು ಕಾರ್ಯದರ್ಶಿಗೆ ಒಪ್ಪಿಸಿದೆ. ಅವರು ಸಮಿತಿಯ ಮತ್ತಿಬ್ಬರೊಡನೆ ಕೊಂಢವಾಕ್ಕೆ ಹೋಗಿ ತಂಬಿಗೆಯನ್ನು ಕೈಯಲ್ಲಿ ಹಿಡಿದು ನೋಡಿದರು. ದೀಪಾವಳಿಯ ಹಿಂದಿನ ದಿನ ಪಟ್ಟಿ ಪ್ರಕಟವಾಯಿತು. ಅಕ್ಕನ ಹೆಸರಿತ್ತು, ರೈಲ್ವೆಯ ಹಿರಿಯರದೂ ಇತ್ತು. ಸಹಾಯಕದ ಎರಡನೆಯ ಪ್ರಶ್ನೆಗೆ ನಾನು ಅಲ್ಲಿಯವರೆಗೂ ಉತ್ತರ ಕೊಟ್ಟಿರಲಿಲ್ಲ. ಅಂದು ಬರೆದೆ: ಇವರು ಇಬ್ಬರು ಬೇರೆ ವ್ಯಕ್ತಿಗಳು, ಹಿರಿಯಳನ್ನು ಉಳಿಸಿಕೊಳ್ಳುವುದು.

ಹುಣ್ಣಿಮೆಯ ಸಂಜೆ ಅಕ್ಕ ಮತ್ತು ಗೆಳತಿ ಪಕ್ಕಪಕ್ಕದ ಮಣೆಗಳಲ್ಲಿ ಕುಳಿತರು. ಇಬ್ಬರದೂ ಇಳಕಲ್ ಸೀರೆ. ಆರತಿಯ ನಡುವೆಯೂ ಇಬ್ಬರೂ ಮರಾಠಿಯಲ್ಲಿ ಏನೋ ಪಿಸುಗುಟ್ಟಿ ನಗುತ್ತಿದ್ದರು. ಪುರೋಹಿತರು ಎರಡು ಸಲ ಮಂತ್ರ ನಿಲ್ಲಿಸಿ ಕಾಯಬೇಕಾಯಿತು. ಬೆಳ್ಳಿಯ ಚಂದ್ರ ಕೈಗೆ ಬಂದಾಗ ಗೆಳತಿ ತನ್ನದನ್ನು ಅಕ್ಕನ ಕೈಯಲ್ಲಿಟ್ಟು ಅಕ್ಕನದನ್ನು ತಾನು ತೆಗೆದುಕೊಂಡಳು. ಅದನ್ನೇ ನಾಗಪುರಕ್ಕೆ ಒಯ್ದಳು.

ಊಟದ ಪಂಕ್ತಿಯಲ್ಲಿ ಅಕ್ಕ ನನ್ನನ್ನು ಕರೆದು, ನನ್ನ ಸರದಿ ಯಾವಾಗ ಎಂದು ಕೇಳಿದಳು. ಕಾಗದದ ಪ್ರಕಾರ ಇನ್ನೂ ಎರಡೂವರೆ ವರ್ಷವಿದೆ ಎಂದೆ.

“ಕಾಗದ ಒತ್ತಟ್ಟಿಗಿಡು. ನೀ ಹುಟ್ಟಿದಾಗ ನನಗ ಬೆಲ್ಲದ ಚೂರು ಕೊಟ್ಟು ಹಿತ್ತಲಕ್ಕ ಕಳಿಸಿದ್ರು. ಹಿತ್ತಲದಾಗ ಅವರಿ ಹೂ ಬಿಟ್ಟಿತ್ತು. ಜೂನ್ ತಿಂಗಳದಾಗ ಅವರಿ ಹೂ ಎಲ್ಲಿ ಬರ್ಬೇಕೋ?”

ಇದಕ್ಕೆ ಇನ್ನೊಬ್ಬ ಸಾಕ್ಷಿ ಬೇಕಾಗುತ್ತದೆ ಎಂದೆ.

“ಯಾರದಾರ? ನಾ ಒಬ್ಬಾಕೀನ” ಎಂದು ಅಕ್ಕ ಹೋಳಿಗೆಗೆ ತುಪ್ಪ ಹಾಕಿಸಿಕೊಂಡಳು.

ಮರುದಿನ ಪ್ರಯೋಗದ ಆ ಹಳೆಯ ಫಾರ್ಮನ್ನು ತೆರೆದು ಜೂನ್ ಒಂದನ್ನು ಅಳಿಸಿದೆ. ದಿನಾಂಕದ ಜಾಗವನ್ನು ಖಾಲಿ ಬಿಟ್ಟು, ಕೆಳಗಿನ ಪ್ರಶ್ನೆಗೆ ‘ಅವರೆ ಹೂ ಬಿಟ್ಟಿತ್ತು’ ಎಂದು ಬರೆದೆ. ಹೇಳಿದವರು ಯಾರು ಎಂಬಲ್ಲಿ: ಅಕ್ಕ. ಪರಿಶೀಲನೆ ನಡೆಯುತ್ತಿದೆ.