ಬೆಳದಿಂಗಳೂಟಕ್ಕೆ ಚಾಚಿದ ಐದನೆಯ ಕೈ

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ಈ ಬರಹ ನನ್ನ ವಿದ್ಯಾರ್ಥಿಗಳ ಕೈಗೆ ಸಿಕ್ಕಿದರೆ ಬೆನ್ನ ಹಿಂದೆ ನಗುತ್ತಾರೆ. ನಗಲಿ. ನಡೆಯದ್ದನ್ನು ನಡೆಯಿತು ಎಂದು ಬರೆದು ನನಗೆ ಆಗಬೇಕಾದ್ದು ಏನೂ ಇಲ್ಲ. ಆ ರಾತ್ರಿ ಅಲ್ಲಿ ನಾವು ನಾಲ್ಕು ಜನ ದೊಡ್ಡವರಿದ್ದೆವು. ಉಳಿದ ಮೂವರನ್ನು ಕೇಳಿದರೆ ಮೂವರೂ ಮೂರು ಥರ ಹೇಳುತ್ತಾರೆ. ಆದರೆ ನಡೆದೇ ಇಲ್ಲ ಎಂದು ಒಬ್ಬರೂ ಹೇಳುವುದಿಲ್ಲ.

ದೊಡ್ಡಬಳ್ಳಾಪುರದಲ್ಲಿ ಕೂಲಿ ಮಗ್ಗ ನಡೆಸುತ್ತಿದ್ದವರ ಮಗಳು ನಾನು. ನಡುಮನೆಯಲ್ಲಿ ಎರಡು ಪವರ್‌ಲೂಮ್ ಬಡಿದುಕೊಳ್ಳುತ್ತಿರುವಾಗ ಕಿವಿಗೆ ಹತ್ತಿ ತುರುಕಿಕೊಂಡು ಓದಿ ಬಿಎಸ್ಸಿ, ಬಿಎಡ್ ಮಾಡಿದೆ. ನಮ್ಮ ಮನೆತನದಲ್ಲಿ ಡಿಗ್ರಿ ಕಂಡ ಮೊದಲನೆಯವಳು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಗಾಳಿ, ಸೋಂಕು ಎಂದು ಯಾರಾದರೂ ಶುರು ಮಾಡಿದರೆ ಎದ್ದು ಹೋಗುವವಳು ನಾನು. ನನಗೆ ಅನುಮಾನ ಬರುವುದು ಮನುಷ್ಯರ ಮೇಲೆ.

ಎರಡು ವರ್ಷದ ಹಿಂದಿನ ಮಾತು. ಬೇಸಿಗೆ ರಜೆ. ನಾದಿನಿ ರೇಖಾ ತನ್ನ ಇಬ್ಬರು ಮಕ್ಕಳನ್ನು ಕರೆದುಕೊಂಡು ತವರಿಗೆ ಬಂದಿದ್ದಳು. ನನಗೂ ಇಬ್ಬರು. ನಾಲ್ಕೂ ಸೇರಿ ಒಂದು ಮೊಬೈಲಿಗೆ ಕಿತ್ತಾಡುವುದನ್ನು ನೋಡಲಾರದೆ ಒಂದು ಭಾನುವಾರ ಯಜಮಾನರು, ನಮ್ಮತ್ತೆ ಸೇರಿ ಎಲ್ಲರೂ ಕಾರಿನಲ್ಲಿ ಹೊರಟೆವು. ಬೆಳಿಗ್ಗೆ ಘಾಟಿ ದೇವಸ್ಥಾನ. ಅಲ್ಲಿ ಕೋತಿಯೊಂದು ರೇಖಾಳ ಮಗ ಚಿರಂತನ ಕೈಯಿಂದ ಬಾಳೆಹಣ್ಣು ಕಿತ್ತುಕೊಂಡಿತು. ಅವನು ಅಳಲಿಲ್ಲ, ಇನ್ನೊಂದು ಹಣ್ಣು ತಂದು ಅದರ ಮುಂದೆ ಆಡಿಸಿದ. ಒಂಬತ್ತು ವರ್ಷದ ಆ ಹುಡುಗ ಅಂಥವನು. ಮಧ್ಯಾಹ್ನ ಮರದ ಕೆಳಗೆ ಚಿತ್ರಾನ್ನ, ಒಂದು ನಿದ್ದೆ. ಸಂಜೆಗೆ ನಮ್ಮ ಸೈಟು.

ಸೈಟೆಂದರೆ, ದೇವನಹಳ್ಳಿಗೆ ಹೋಗುವ ರಸ್ತೆ ಬಿಟ್ಟು ಮೂರು ಕಿಲೋಮೀಟರ್ ಒಳಗೆ, ಒಂದು ಲೇಔಟಿನಲ್ಲಿ ನಾವು ತೆಗೆದುಕೊಂಡ ಜಾಗ. ಒಂದು ಕಾಲಕ್ಕೆ ಹೊಲವಾಗಿದ್ದ ನೆಲ. ಈಗ ಮುಂದೆ ದೊಡ್ಡ ಕಮಾನು, ಒಳಗೆ ಟಾರು ರಸ್ತೆಗಳು, ನಂಬರು ಬರೆದ ಕಲ್ಲುಗಳು, ದೀಪವಿಲ್ಲದ ಕಂಬಗಳು, ಪಾರ್ಕು ಎಂದು ಹೇಳಿಕೊಳ್ಳಲು ಒಂದು ಜಾರುಬಂಡೆ. ಮನೆ ಮಾತ್ರ ಒಂದೂ ಎದ್ದಿಲ್ಲ. ಅಂದು ಹುಣ್ಣಿಮೆ. ನಮ್ಮದೇ ನೆಲದ ಮೇಲೆ ಕೂತು ಬೆಳದಿಂಗಳೂಟ ಮಾಡೋಣ ಎಂದವಳು ನಾನೇ.

ಕಮಾನಿನ ಪಕ್ಕ ತಗಡಿನ ಶೆಡ್ಡಿನಲ್ಲಿ ಒಬ್ಬ ವಾಚ್‌ಮನ್ ಇದ್ದ. ಅರವತ್ತು ದಾಟಿದ ಮನುಷ್ಯ. ಊಟ ಮುಗಿಸಿಕೊಂಡು ಹೋಗುತ್ತೇವೆ ಎಂದಾಗ ಕಾರಿನೊಳಗೆ ಬಗ್ಗಿ ಮಕ್ಕಳನ್ನು ಒಬ್ಬೊಬ್ಬರಾಗಿ ನೋಡಿದ. ಕತ್ತಲಾಗುವುದರೊಳಗೆ ಮುಗಿಸಿಕೊಳ್ಳಿ ಎಂದ. ಹಾವಿನ ಭಯಕ್ಕೆ ಹೇಳುತ್ತಾನೆ ಎಂದುಕೊಂಡೆ.

ಮಕ್ಕಳು ಜಾರುಬಂಡೆ ಬಿಟ್ಟು ಬರುವಷ್ಟರಲ್ಲಿ ಏಳೂವರೆಯಾಗಿತ್ತು. ಚಂದ್ರ ಮೇಲೆ ಬಂದಿದ್ದ, ಆದರೆ ಮೋಡದ ಹಿಂದೆ. ಗಾಳಿ ನಿಂತುಹೋಗಿತ್ತು. ಹಗಲೆಲ್ಲ ಕಾದ ಟಾರಿನ ವಾಸನೆ, ಒಣಹುಲ್ಲಿನ ವಾಸನೆ. ಕಾಂಪೌಂಡಿನ ಆಚೆ ನೀಲಗಿರಿ ತೋಪು ಕಪ್ಪಗೆ ನಿಂತಿತ್ತು. ಹತ್ತು ನಿಮಿಷಕ್ಕೊಮ್ಮೆ ತಲೆಯ ಮೇಲೆ ಒಂದು ವಿಮಾನ ಇಳಿಯುತ್ತಿತ್ತು. ಅದು ಹಾದುಹೋಗುವಷ್ಟು ಹೊತ್ತು ಪಕ್ಕದವರ ಮಾತೂ ಕೇಳಿಸುತ್ತಿರಲಿಲ್ಲ.

ಮೊಸರನ್ನದ ಡಬರಿ ಮುಂದಿಟ್ಟುಕೊಂಡು ಮಕ್ಕಳನ್ನು ಸುತ್ತ ಕೂರಿಸಿದೆ. ಕೈತುತ್ತು. ಅನ್ನ ಉಂಡೆ ಮಾಡಿ, ಹೆಬ್ಬೆರಳಿನಿಂದ ನಡುವೆ ಗುಳಿ ಒತ್ತಿ, ಅದಕ್ಕೆ ಉಪ್ಪಿನಕಾಯಿಯ ರಸ ಬಿಟ್ಟು, ಚಾಚಿದ ಅಂಗೈಗೆ ಇಡುವುದು. ಒಂದು ಸುತ್ತು ಮುಗಿಯುವಷ್ಟರಲ್ಲಿ ಮೊದಲ ಕೈ ಮತ್ತೆ ಮುಂದೆ ಬಂದಿರುತ್ತದೆ. ಮನೆಯಲ್ಲಿ ಅನ್ನ ಕಂಡರೆ ಓಡುವ ಮಕ್ಕಳೂ ಕೈತುತ್ತೆಂದರೆ ಹೊಟ್ಟೆ ಬಿರಿಯುವಷ್ಟು ತಿನ್ನುತ್ತವೆ.

ಮೊಬೈಲ್ ಟಾರ್ಚ್ ಹಾಕಿದರೆ ಹುಳಗಳು ಬಂದು ಡಬರಿಗೆ ಬೀಳುತ್ತಿದ್ದವು. ಆರಿಸಿಬಿಟ್ಟೆವು. ಮುಖಗಳು ಕಾಣುತ್ತಿರಲಿಲ್ಲ. ಅಂಗೈಗಳು ಮಾತ್ರ ಮಸುಕಾಗಿ ಕಾಣುತ್ತಿದ್ದವು. ಎದುರಿಗೆ ರೇಖಾ ತನ್ನ ಓರಗಿತ್ತಿಯ ಪುರಾಣ ಹೇಳುತ್ತಿದ್ದಳು. ನಾನು ಹೂಂಗುಟ್ಟುತ್ತಿದ್ದೆ, ಕೈ ತಾನಾಗಿ ತುತ್ತು ಇಡುತ್ತಿತ್ತು. ಐದಾರು ಸುತ್ತು ಆಗಿರಬೇಕು...

ಸುತ್ತಿಗೆ ಐದು ತುತ್ತು ಹೋಗುತ್ತಿತ್ತು.

ಮಗ್ಗದ ಮನೆಯಲ್ಲಿ ಬೆಳೆದವಳಿಗೆ ಎಣಿಕೆ ಬೆರಳಿನಲ್ಲೇ ಇರುತ್ತದೆ. ಮತ್ತೊಂದು ಸುತ್ತು ಗಮನವಿಟ್ಟು ನೋಡಿದೆ. ಬಲಗಡೆ ನನ್ನ ಮಗಳು. ಆಮೇಲೆ ಮಗ. ಆಮೇಲೆ ಚಿರಂತ. ಅವನ ಪಕ್ಕ ಅವನ ತಂಗಿ ಗಾನವಿ. ಅವಳಿಗೂ ನನಗೂ ನಡುವೆ, ನನ್ನ ಎಡಮೊಣಕಾಲಿನ ಹತ್ತಿರ, ಇನ್ನೊಂದು ಅಂಗೈ.

ನನಗೆ ಗಾಬರಿಯೇನೂ ಆಗಲಿಲ್ಲ. ತಂಗಿಯ ಬೆನ್ನ ಹಿಂದಿನಿಂದ ಚಿರಂತ ಎಡಗೈ ತೂರಿಸುತ್ತಿದ್ದಾನೆ, ಅಷ್ಟೇ.

"ಏನೋ ಕಳ್ಳ, ಎರಡೆರಡು ಕೈ ಚಾಚ್ತಿದೀಯಾ?"

"ನಾನಲ್ಲ ಅತ್ತೆ," ಎಂದ. "ಅಮ್ಮನಾಣೆ."

ಕ್ಲಾಸಿನಲ್ಲಿ ಮಾಡಿಸುವ ಹಾಗೆ ಎಲ್ಲರಿಗೂ ಎಡಗೈ ತಲೆಯ ಮೇಲೆ ಇಟ್ಟುಕೊಳ್ಳಲು ಹೇಳಿದೆ. ಮಕ್ಕಳು ನಕ್ಕವು. ಕತ್ತಲಲ್ಲಿ ನಾಲ್ಕು ತಲೆ, ನಾಲ್ಕರ ಮೇಲೂ ಒಂದೊಂದು ಕೈ. ಅಷ್ಟು ಕಾಣುತ್ತಿತ್ತು. ತುತ್ತು ಇಡತೊಡಗಿದೆ. ಒಂದು. ಎರಡು. ಮೂರು. ನಾಲ್ಕು...

ಐದನೆಯದು ಅಲ್ಲೇ ಇತ್ತು. ಅಲುಗಾಡದೆ, ತನ್ನ ಸರದಿ ಕಾಯುತ್ತಿತ್ತು.

ದೂರದಿಂದ ವಿಮಾನದ ಸದ್ದು ಏರುತ್ತಿತ್ತು. ನಾನು ತುತ್ತು ಇಟ್ಟೆ. ಇಟ್ಟ ಕೈಯಿಂದಲೇ ಆ ಮಣಿಕಟ್ಟನ್ನು ಹಿಡಿದುಕೊಂಡೆ.

ದೆವ್ವದ ಮೈ ತಣ್ಣಗಿರುತ್ತದೆ ಎನ್ನುತ್ತಾರೆ. ಇದು ಬೆಚ್ಚಗಿತ್ತು. ಆರೇಳು ವರ್ಷದ ಮಗುವಿನ ಮಣಿಕಟ್ಟು. ಚರ್ಮ ಮಾತ್ರ ಒರಟು, ದಿನವೆಲ್ಲ ಕಳೆ ಕಿತ್ತ ಕೈಯ ಹಾಗೆ. ಹಸಿ ಸೊಪ್ಪಿನ ವಾಸನೆ ಬಂತು. ಬೆರಳಿನ ಕೆಳಗೆ ನಾಡಿ ಬಡಿಯುತ್ತಿತ್ತು. ಅದು ನನ್ನ ನಾಡಿಯೂ ಆಗಿರಬಹುದು...

ಮೆಲ್ಲಗೆ ಯಜಮಾನರನ್ನು ಕರೆದೆ. "ರೀ, ಟಾರ್ಚ್ ಹಾಕಿ." ಅವರು ಕಾರಿಗೆ ಒರಗಿ ನಿಂತಿದ್ದರು. ವಿಮಾನ ತಲೆಯ ಮೇಲೆಯೇ ಇತ್ತು, ಅವರಿಗೆ ಕೇಳಿಸಲಿಲ್ಲ. ಮತ್ತೆ ಕರೆದೆ. ಅಷ್ಟರಲ್ಲಿ ಆ ಕೈ ಒಮ್ಮೆ ತಿರುಗಿತು. ನನ್ನ ಕೈಯೆಲ್ಲ ಮೊಸರು. ಜಾರಿಹೋಯಿತು.

ಓಡಿದ ಸದ್ದು ಕೇಳಿಸಲಿಲ್ಲ. ಓಡಿದ್ದರೂ ಆ ಗದ್ದಲದಲ್ಲಿ ಕೇಳಿಸುತ್ತಿರಲಿಲ್ಲ, ಅದನ್ನೂ ಹೇಳಿಬಿಡಬೇಕು.

ಟಾರ್ಚ್ ಬಂತು. ಎಡಗೈ ತಲೆಯ ಮೇಲಿಟ್ಟುಕೊಂಡ ನಾಲ್ಕು ಮಕ್ಕಳು ಕಣ್ಣು ಕಿರಿದು ಮಾಡಿಕೊಂಡು ಕೂತಿದ್ದವು. ಸುತ್ತ ಬೋಳು ನೆಲ, ಮೊಣಕಾಲೆತ್ತರದ ಕಲ್ಲುಗಳು. ಬಚ್ಚಿಟ್ಟುಕೊಳ್ಳಲು ಏನೂ ಇಲ್ಲ. ರಸ್ತೆ ಬದಿಗೆ ಚಪ್ಪಡಿ ಮುಚ್ಚಿದ ಚರಂಡಿ ಇತ್ತು. ನಡುವೆ ಒಂದೆರಡು ಕಡೆ ಚಪ್ಪಡಿ ಹಾಕಿರಲಿಲ್ಲ. ಸಣ್ಣ ಮಗು ನುಸುಳಬಹುದು. ಬಗ್ಗಿ ಬೆಳಕು ಬಿಟ್ಟು ನೋಡಿದೆ. ಒಣ ಎಲೆ, ಒಂದು ಪ್ಲಾಸ್ಟಿಕ್ ಬಾಟಲಿ. ಅದರಾಚೆಗೆ ಬೆಳಕು ಹೋಗಲಿಲ್ಲ.

ನಾನು ವಿಷಯ ಹೇಳಿದೆ. ರೇಖಾ ಮಕ್ಕಳನ್ನು ಎಳೆದುಕೊಂಡು ಹೋಗಿ ಕಾರಿಗೆ ತುಂಬಿದಳು. ಯಜಮಾನರು ವಾಚ್‌ಮನ್‌ನನ್ನು ಕರೆದುಕೊಂಡು ಬಂದರು. ಇಲ್ಲಿ ಒಂದು ಮಗು ಬಂದಿತ್ತು, ನಮ್ಮ ಮಕ್ಕಳ ಜೊತೆ ಕೈ ಚಾಚಿತು ಎಂದೆ. ಯಾವ ಮಗು, ಎಲ್ಲಿಂದ ಬಂತು, ಹುಡುಗನೋ ಹುಡುಗಿಯೋ... ಯಾರಾದರೂ ಮೊದಲು ಕೇಳುವುದು ಅದನ್ನೇ. ಅವನು ಅದೊಂದನ್ನೂ ಕೇಳಲಿಲ್ಲ.

"ತಿಂತಾ?" ಎಂದ.

ಯಾರ ಮಗು, ನಿಮಗೆ ಗೊತ್ತು ತಾನೇ ಎಂದು ಒತ್ತಿ ಕೇಳಿದೆ. ಅವನು ನೆಲ ನೋಡಿದ.

"ನಂಗೇನೂ ಗೊತ್ತಿಲ್ಲ ಕಣಮ್ಮ. ನಾನು ಬಂದು ನಾಕು ತಿಂಗ್ಳಾಯ್ತು. ಮಕ್ಳವೆ ಜೊತೇಲಿ, ಹೊರಡಿ."

ನನ್ನ ತಲೆ ಓಡಿದ್ದು ಒಂದೇ ಕಡೆ. ಈ ಮನುಷ್ಯ ಯಾವುದೋ ಮಗುವನ್ನು ಇಲ್ಲಿ ಇಟ್ಟುಕೊಂಡಿದ್ದಾನೆ. ಅವನ ಮೊಮ್ಮಗುವೋ, ಎಲ್ಲಿಂದಲೋ ಕೆಲಸಕ್ಕೆ ತಂದು ಬಚ್ಚಿಟ್ಟದ್ದೋ. ಶೆಡ್ಡು ತೋರಿಸಿ ಎಂದೆ. ತಕರಾರು ಮಾಡದೆ ತೋರಿಸಿದ. ಒಂದು ಮಂಚ, ಒಂದು ಸ್ಟೌ, ಒಂದೇ ತಟ್ಟೆ. ಅಷ್ಟು ಸಲೀಸಾಗಿ ತೋರಿಸಿದ್ದೂ ನನಗೆ ಸರಿ ಕಾಣಲಿಲ್ಲ.

ತೋಪಿನವರೆಗೂ ಹೋಗಿ ನೋಡೋಣ ಎಂದೆ. ಅದಕ್ಕೆ ಜಗಳ ಹತ್ತಿತು. ಅದು ಮಗುವೇ ಆಗಿದ್ದರೆ ಈ ಕತ್ತಲಲ್ಲಿ ಬಿಟ್ಟು ಹೋಗುವುದು ಹೇಗೆ? ಅಲ್ಲದಿದ್ದರೆ ನಾಲ್ಕು ಮಕ್ಕಳನ್ನಿಟ್ಟುಕೊಂಡು ಇಲ್ಲಿ ನಿಲ್ಲುವುದು ಹೇಗೆ? ರೇಖಾ ಕಾರಿನ ಬಾಗಿಲು ಹಿಡಿದುಕೊಂಡೇ ಹೇಳಿದಳು.

"ಅತ್ತಿಗೆ, ನಿಮ್ ಬಿಎಸ್ಸಿನ ಸ್ಕೂಲಲ್ಲಿ ತೋರ್ಸಿ. ನಂಗೆ ನನ್ ಮಕ್ಳು ಬೇಕು."

ಯಜಮಾನರು ಅತ್ತ ಹತ್ತು ಹೆಜ್ಜೆ ಹೋಗುವುದು, ಇತ್ತ ತಿರುಗಿ ಕಾರು ನೋಡುವುದು. ಹಿಂದಿನ ಸೀಟಿನಲ್ಲಿ ನನ್ನ ಮಗ ಅಳಲು ಶುರು ಮಾಡಿದ. ಅಲ್ಲಿಯವರೆಗೂ ಕಾರಿನ ಮುಂದಿನ ಸೀಟಿನಲ್ಲಿ ಕೂತಿದ್ದ ನಮ್ಮತ್ತೆ ಆಗ ಇಳಿದು ಬಂದರು. ನನ್ನ ಕೈಯಲ್ಲಿದ್ದ ಡಬರಿಯೊಳಗೆ ನೋಡಿದರು. ಕಾಲು ಭಾಗ ಅನ್ನ ಉಳಿದಿತ್ತು.

"ಯಾರಾರ ಆಗ್ಲಿ, ಹಸ್ಕೊಂಡು ಬಂದದೆ," ಎಂದರು. "ಇಟ್ಬಿಟ್ಟು ಬಾ ಸುಮಾ. ಹಿಂತಿರುಗಿ ನೋಡ್ಬೇಡ."

ನಮ್ಮ ಸೈಟಿನ ನಂಬರು ಕಲ್ಲಿನ ಮೇಲೆ ಡಬರಿ ಇಟ್ಟೆ. ನಾಯಿ ಬಾಯಿ ಹಾಕದ ಹಾಗೆ ತಟ್ಟೆ ಮುಚ್ಚಿ ಮೇಲೊಂದು ಕಲ್ಲಿಟ್ಟೆ. ಹಿಂತಿರುಗಿ ನೋಡಬೇಡ ಎಂದಿದ್ದರು. ನಾನು ನೋಡಿದೆ. ಏನೂ ಕಾಣಲಿಲ್ಲ.

ದಾರಿಯಲ್ಲೇ ಪೊಲೀಸರಿಗೆ ಫೋನು ಮಾಡಿದೆ. ಲೇಔಟಿನಲ್ಲಿ ಒಂದು ಮಗು ಒಂಟಿಯಾಗಿದೆ ಎಂದಷ್ಟೇ ಹೇಳಿದೆ, ಕೈತುತ್ತಿನ ಮಾತು ಹೇಳಲಿಲ್ಲ. ಹೋಗಿ ನೋಡಿದ್ದರು. ಹನ್ನೊಂದಕ್ಕೆ ಫೋನು ಬಂತು. ಸುತ್ತ ಹುಡುಕಿದೆವು ಮೇಡಂ, ಯಾರೂ ಇಲ್ಲ, ಮಗು ಕಾಣೆಯಾಗಿದೆ ಎಂದು ಯಾರೂ ದೂರು ಕೊಟ್ಟಿಲ್ಲ ಎಂದರು.

ನಿದ್ದೆ ಬರಲಿಲ್ಲ. ಬೆಳಿಗ್ಗೆ ಆರೂವರೆಗೆ ಯಜಮಾನರನ್ನು ಎಬ್ಬಿಸಿಕೊಂಡು ಮತ್ತೆ ಅಲ್ಲಿಗೆ ಹೋದೆ.

ಡಬರಿ ಕಲ್ಲಿನ ಮೇಲೆಯೇ ಇತ್ತು. ಬೋರಲು ಹಾಕಿತ್ತು. ತಟ್ಟೆ ಅದಕ್ಕೆ ಒರಗಿಸಿತ್ತು. ನಾಯಿ ನೆಕ್ಕಿ ಬಿಟ್ಟ ಪಾತ್ರೆಯಲ್ಲ. ಮಣ್ಣು ಹಾಕಿ ಉಜ್ಜಿ ತೊಳೆದಿದ್ದರು. ತಳದ ಅಂಚಿನಲ್ಲಿ ಕೆಮ್ಮಣ್ಣಿನ ಗೆರೆ ಇನ್ನೂ ಉಳಿದಿತ್ತು.

ಎತ್ತಿದೆ. ಕೆಳಗೆ ಎರಡು ರಾಗಿ ತೆನೆ ಇದ್ದವು. ಹಸಿ ತೆನೆ. ಕಿತ್ತ ತುದಿಯಲ್ಲಿ ಇನ್ನೂ ನೀರಿನ ಪಸೆ.

ಆ ಲೇಔಟಿಗೆ ಇನ್ನೂ ನೀರಿನ ಸಂಪರ್ಕ ಬಂದಿಲ್ಲ. ನೀರಿರುವುದು ವಾಚ್‌ಮನ್‌ನ ಡ್ರಮ್ಮಿನಲ್ಲಿ ಮಾತ್ರ. ಹೋಗಿ ನೋಡಿದೆ, ಡ್ರಮ್ಮಿನ ಸುತ್ತ ನೆಲ ಒದ್ದೆಯಾಗಿತ್ತು. ಬೆಳಗಿನ ಹೊತ್ತು, ಅವನು ಮುಖ ತೊಳೆದಿರಬಹುದು. ಪಾತ್ರೆ ನೀವು ತೊಳೆದಿರಾ ಎಂದೆ. ನಾನ್ಯಾಕಮ್ಮ ತೊಳೀಲಿ ಎಂದ. ತೆನೆ ತೋರಿಸಿದೆ. ಅವನು ಮುಟ್ಟಲಿಲ್ಲ, ಒಂದು ಹೆಜ್ಜೆ ಹಿಂದೆ ಸರಿದ.

ಬೋರ್‌ವೆಲ್ ಇದ್ದವರು ಬೇಸಿಗೆಯಲ್ಲೂ ರಾಗಿ ಬೆಳೆಯುತ್ತಾರೆ. ಅದು ನನಗೆ ಗೊತ್ತು. ಎರಡು ಕಿಲೋಮೀಟರ್ ಸುತ್ತ ಸ್ಕೂಟರಿನಲ್ಲಿ ಹುಡುಕಿದೆ, ಬೇರೆ ಬೇರೆ ದಿನ, ಮೂರು ಸಲ. ದ್ರಾಕ್ಷಿ ತೋಟ, ನೀಲಗಿರಿ, ತಂತಿ ಬೇಲಿ, ಇನ್ನೊಂದು ಲೇಔಟು. ರಾಗಿ ಹೊಲ ಸಿಗಲಿಲ್ಲ. ರಜೆ ಮುಗಿದ ಮೇಲೆ ಹತ್ತಿರದ ಊರಿನ ಶಾಲೆಗೂ ಹೋಗಿ ಹೆಡ್ ಮೇಡಂ ಹತ್ತಿರ ವಿಚಾರಿಸಿದೆ. ಶಾಲೆ ಬಿಟ್ಟ ಮಗು, ಕಾಣೆಯಾದ ಮಗು, ಯಾವುದೂ ಇಲ್ಲ ಎಂದರು. ಸ್ವಲ್ಪ ಬೇಗನೆ ಹೇಳಿದರು ಎಂದು ನನಗೆ ಅನಿಸಿತು. ಈಗೀಗ ನನಗೆ ಎಲ್ಲರೂ ಹಾಗೇ ಕಾಣುತ್ತಾರೆ.

ನಮ್ಮತ್ತೆಗೆ ಮಾತ್ರ ಯಾವ ಗೊಂದಲವೂ ಇಲ್ಲ. ಅಂದು ತೆನೆಗಳನ್ನು ನೋಡಿ ಕಣ್ಣಿಗೊತ್ತಿಕೊಂಡರು. ನಮ್ಮ ಕಡೆ ಯಾರ ಮನೆಯ ಪಾತ್ರೆಯನ್ನೂ ಬರಿದಾಗಿ ಹಿಂದಿರುಗಿಸುವುದಿಲ್ಲ. ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡುತ್ತಾರೆ. "ಹೆತ್ತವ್ವ ಚೆನ್ನಾಗಿ ಕಲ್ಸವಳೆ," ಎಂದರು. ಅವರ ಪಾಲಿಗೆ ಅದು ಆ ನೆಲದ ಮಗು. ಹಸಿದು ಬಂತು, ಉಂಡಿತು, ಋಣ ತೀರಿಸಿಕೊಂಡು ಹೋಯಿತು. ರೇಖಾ ಆ ಮಾತು ಬಂದರೆ ಕಿವಿ ಮುಚ್ಚಿಕೊಳ್ಳುತ್ತಾಳೆ. ಯಜಮಾನರು ಎಲ್ಲ ಆ ವಾಚ್‌ಮನ್‌ನ ಆಟ ಎನ್ನುತ್ತಾರೆ.

ನಾನು ಕ್ಲಾಸಿನಲ್ಲಿ ಇಂದಿಗೂ ದೆವ್ವವಿಲ್ಲ ಎಂದೇ ಪಾಠ ಮಾಡುತ್ತೇನೆ. ಕಷ್ಟಪಟ್ಟು ಓದಿದ್ದು ಅದಕ್ಕೇ. ಆದರೆ ಆ ನಾಡಿ ನನ್ನದೋ, ಅದರದೋ, ಎರಡು ವರ್ಷದಿಂದ ಯೋಚಿಸುತ್ತಿದ್ದೇನೆ. ಕೆಲವು ರಾತ್ರಿ ಎಚ್ಚರವಾದಾಗ ನಾಚಿಕೆ ಬಿಟ್ಟು ಬೇಡಿಕೊಳ್ಳುತ್ತೇನೆ, ಅದು ದೆವ್ವವೇ ಆಗಿರಲಿ ಎಂದು.

ದೆವ್ವವಲ್ಲದಿದ್ದರೆ... ನಾಲ್ಕು ಮಕ್ಕಳನ್ನು ಎಣಿಸಿ ಕಾರಿಗೆ ಹತ್ತಿಸಿಕೊಂಡು, ಐದನೆಯದನ್ನು ಆ ಕತ್ತಲಲ್ಲಿ ಬಿಟ್ಟು ಬಂದವಳು ನಾನು.