ಹಂಚಿನ ಗುಡಿ ಏರಿದ ಹುಂಜ

ಯಾರ ಮನೆಗೆ ಹೋದರೂ ನಾನು ಮೊದಲು ನೋಡುವುದು ಸೂರನ್ನು. ಮನೆಯವರು ಬಾಗಿಲಲ್ಲಿ ನಿಂತು "ಬರ್ರಿ ಮಾಸ್ತರ, ಒಳಗ ಬರ್ರಿ" ಎನ್ನುತ್ತಿರುತ್ತಾರೆ, ನಾನು ಕತ್ತು ಹಿಂದಕ್ಕೆ ಚೆಲ್ಲಿ ತೊಲೆ ಎಣಿಸುತ್ತಿರುತ್ತೇನೆ. ಕೆಲವರು ಹಲ್ಲಿ ಕಂಡಿತೇನೋ ಎಂದು ತಾವೂ ಮೇಲೆ ನೋಡುತ್ತಾರೆ. ಇಳಕಲ್ಲಿನ ಒಬ್ಬ ಯಜಮಾನರಂತೂ ನಾನು ಮನೆ ಕೊಳ್ಳಲು ಬಂದವನೆಂದು ತಿಳಿದು ಚಹಾ ಬರುವ ಮೊದಲೇ ಬೆಲೆ ಹೇಳಿಬಿಟ್ಟರು. ನಾನು ಹೋದದ್ದು ಅವ್ವ ಅವರ ಮನೆಯಲ್ಲಿ ಮರೆತುಬಂದ ಊಟದ ಡಬ್ಬಿ ತರಲು.

ಈ ಚಟ ನನಗೆ ಹುಟ್ಟಿನಿಂದ ಬಂದದ್ದಲ್ಲ. ಅದಕ್ಕೆ ಕಾರಣ ಒಂದು ಚರ್ಚು, ಒಂದು ಹುಂಜ ಮತ್ತು ಬಾದಾಮಿಯ ಒಬ್ಬ ಕಂಪೌಂಡರ್. ಮೂರರಲ್ಲಿ ಹೆಚ್ಚು ಹಟಮಾರಿ ಯಾವುದು ಎಂಬುದನ್ನು ನಾನಿನ್ನೂ ತೀರ್ಮಾನಿಸಿಲ್ಲ.

ನಮ್ಮ ಊರು ಗುಳೇದಗುಡ್ಡ. ಇಲ್ಲಿನ ಮನೆಗಳಿಗೆ ಇಳಿಜಾರಿನ ಸೂರಿಲ್ಲ, ಮಣ್ಣಿನ ಮಾಳಿಗೆ. ಮಾಳಿಗೆ ಎಂದರೆ ಮನೆಯ ನೆತ್ತಿಯ ಮೇಲಿನ ಅಂಗಳ. ಮೆಣಸಿನಕಾಯಿ ಒಣಗುವುದು ಅಲ್ಲಿ, ಹಪ್ಪಳ ಒಣಗುವುದು ಅಲ್ಲಿ, ಬೇಸಿಗೆಯಲ್ಲಿ ಮಲಗುವುದು ಅಲ್ಲಿ, ಅತ್ತೆಯ ಮೇಲಿನ ಸಿಟ್ಟನ್ನು ಓಣಿಗೆಲ್ಲ ತಿಳಿಸುವುದೂ ಅಲ್ಲಿಯೇ. ಒಂದು ಮಾಳಿಗೆಯಿಂದ ಇನ್ನೊಂದಕ್ಕೆ ದಾಟುತ್ತ ನೆಲ ಮುಟ್ಟದೆ ಓಣಿಯ ಆ ತುದಿ ಸೇರಬಹುದು. ಹೀಗಾಗಿ ನಮ್ಮವರ ಪಾಲಿಗೆ ಸೂರು ಎಂದರೆ ಹತ್ತಿ ಓಡಾಡುವ ಜಾಗ. ಈ ಮಾತನ್ನು ಸ್ವಲ್ಪ ನೆನಪಿಡಿ, ಮುಂದೆ ಬೇಕಾಗುತ್ತದೆ.

ಇಂಥ ಊರಿನಲ್ಲಿ ನಮ್ಮ ಅಜ್ಜಂದಿರ ಕಾಲದ ಪರದೇಶಿ ಪಾದ್ರಿಗಳು ಒಂದು ಚರ್ಚು ಕಟ್ಟಿ ಅದಕ್ಕೆ ಎರಡೂ ಕಡೆ ಇಳಿಜಾರು ಬಿಟ್ಟು ಮಂಗಳೂರು ಹಂಚು ಹೊದಿಸಿದರು. ಅವರ ದೇಶದಲ್ಲಿ ಹಿಮ ಬೀಳುತ್ತದಂತೆ, ಸೂರು ಸಪಾಟಾಗಿದ್ದರೆ ಅದು ಜಾರಿ ಹೋಗುವುದಿಲ್ಲವಂತೆ. ನಮ್ಮ ಕಡೆ ಹಿಮವೆಲ್ಲಿ ಬರಬೇಕು? ಮಳೆಯೇ ಮುನಿಸಿಕೊಂಡ ಅಳಿಯನ ಹಾಗೆ, ಕರೆದಾಗ ಬರುವುದಿಲ್ಲ, ಬಂದರೆ ಎದ್ದು ಹೋಗುವುದಿಲ್ಲ. ಊರವರು ಅದಕ್ಕೆ 'ಹಂಚಿನ ಗುಡಿ' ಎಂದೇ ಹೆಸರಿಟ್ಟರು. ಈ ವಿಷಯದಲ್ಲಿ ಬಾದಾಮಿಯ ಹಳೆಯ ಅರಸರು ಜಾಣರು. ಕಟ್ಟುವ ಗೋಜಿಗೇ ಹೋಗದೆ ಗುಡ್ಡವನ್ನೇ ಕೊರೆದು ಗುಡಿ ಮಾಡಿದರು. ಅಲ್ಲಿ ಹಂಚಿನ ನಿಧಿಗಾಗಿ ಯಾರೂ ಚೀಲ ಹಿಡಿದು ತಿರುಗಬೇಕಾಗಿಲ್ಲ.

ನಮ್ಮಲ್ಲಿ ತಿರುಗಬೇಕಾಗಿತ್ತು. ಎಪ್ಪತ್ತರ ದಶಕದ ನಡುವಿನ ಹೊತ್ತಿಗೆ ಹಂಚುಗಳು ಮುದಿಯಾಗಿದ್ದವು. ಸಭೆಯ ಪಾದ್ರಿ ಅಯ್ಯನವರು ಭಾನುವಾರದ ಪ್ರಸಂಗವನ್ನು ಎಲ್ಲಿಂದ ಶುರು ಮಾಡಿದರೂ ಹಂಚಿನಲ್ಲಿ ಮುಗಿಸುತ್ತಿದ್ದರು. ಜನ ತಲೆದೂಗುತ್ತಿದ್ದರು, ಆಮೇಲೆ ಕಾಣಿಕೆಯ ಚೀಲ ಬರುತ್ತಿತ್ತು. ಆ ಚೀಲ ಮಖಮಲ್ಲಿನದು. ಅದರೊಳಗೆ ಹತ್ತು ಪೈಸೆ ಬಿದ್ದರೂ ಹತ್ತು ರೂಪಾಯಿ ಬಿದ್ದರೂ ಸದ್ದು ಒಂದೇ. ಆ ಮಖಮಲ್ಲನ್ನು ಆರಿಸಿದವರಿಗೆ ಮನುಷ್ಯರ ಮೇಲೆ ಅಪಾರ ನಂಬಿಕೆ ಇದ್ದಿರಬೇಕು. ನಮ್ಮವರು ಜಿಪುಣರೆಂದು ತಿಳಿಯಬೇಡಿ. ಹೊಸ ಗಂಟೆಗೆ ಕೊಡುತ್ತಾರೆ, ಹೆಸರು ಕೆತ್ತಿಸಬಹುದಾದ ಬೆಂಚಿಗೆ ಕೊಡುತ್ತಾರೆ. ಹಂಚಿನ ಮೇಲೆ ಹೆಸರು ಬರೆದರೆ ಓದುವುದು ಕಾಗೆ.

ನಮ್ಮ ಪಕ್ಕದ ಮನೆಯ ಕುಪ್ಪಸದ ಖಣದ ವ್ಯಾಪಾರಿ ಸಂಗಪ್ಪಣ್ಣ ಕೂಡಲಸಂಗಮದ ಕಡೆಯವನು. ಇಷ್ಟಲಿಂಗ ಕಟ್ಟಿಕೊಂಡವನು, ಆದರೆ ನಮ್ಮ ಚರ್ಚಿನ ಸುಖದುಃಖವೆಲ್ಲ ಅವನಿಗೆ ಗೊತ್ತು. "ನಮ್ಮಲ್ಲಿ ಈ ದೇಹಾನ ಗುಡಿ ಅಂತಾರ ಮಾಸ್ತರ. ಹಂಚಿನ ಖರ್ಚಿಲ್ಲ" ಎಂದು ನಗುತ್ತಿದ್ದ. "ರಿಪೇರಿ ಮಾತ್ರ ತಪ್ಪಿದ್ದಲ್ಲ ಅಣ್ಣ, ನಿನ್ನ ಹಲ್ಲು ನೋಡಿಕೋ" ಎಂದು ನಾನು ಹೇಳಿದಾಗ ಬಾಯಿ ಮುಚ್ಚಿಕೊಂಡು ನಕ್ಕ.

ನನಗೂ ಹಂಚಿನ ಚಿಂತೆ ಇರಲಿಲ್ಲ, ನನ್ನ ಮದುವೆ ನಿಶ್ಚಯವಾಗುವವರೆಗೆ. ಹುಡುಗಿ ಸುಗುಣಾ. ಬಾದಾಮಿಯ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದ ಯೋಹಾನಪ್ಪನವರ ಮಗಳು. ಆಕೆ ಒಮ್ಮೆ ನನ್ನನ್ನು ನೋಡಿ ಸೆರಗಿನಲ್ಲಿ ನಗು ಮುಚ್ಚಿಕೊಂಡಿದ್ದಳು. ಅಂದಿನಿಂದ ನಾನು ಸಾಲಿಯಲ್ಲಿ ಮಗ್ಗಿ ಹೇಳಿಸುತ್ತ ಹನ್ನೆರಡೊಂದಲದ ನಂತರ ಹದಿನಾಲ್ಕೊಂದಲಕ್ಕೆ ಹಾರಿಬಿಡುತ್ತಿದ್ದೆ, ಮಕ್ಕಳೂ ಹಾರುತ್ತಿದ್ದರು. ನಿಶ್ಚಿತಾರ್ಥ ನಮ್ಮ ಚರ್ಚಿನಲ್ಲಿ ನಡೆಯಿತು. ಹೊರಗೆ ಸಣ್ಣಗೆ ಮಳೆ. ಯೋಹಾನಪ್ಪನವರು ವೇದಿಯ ಮುಂದೆ ನಿಂತು ಪ್ರಾರ್ಥನೆಗೆ ತಲೆ ಬಾಗಿಸಿದಾಗ ಅವರ ಬೋಳುತಲೆಯ ನಟ್ಟನಡುವೆ ಮೇಲಿನಿಂದ ಒಂದು ಹನಿ ಬಿತ್ತು. ಆಮೇಲೆ ಇನ್ನೊಂದು. ಜೀವಮಾನವೆಲ್ಲ ಹನಿ ಎಣಿಸಿ ಔಷಧಿ ಕೊಟ್ಟವರು ಅವರು. ಹನಿ ಎಂದರೆ ಅವರಿಗೆ ಸಣ್ಣ ಸಂಗತಿಯಲ್ಲ.

"ಈ ಹಂಚಿನ ಕೆಳಗ ನನ್ನ ಮಗಳನ್ನ ನಿಂದ್ರಸಂಗಿಲ್ಲರಿ" ಎಂದರು. "ಮೊದಲ ಸೂರು ರಿಪೇರಿ ಆಗ್ಲಿ. ಆಮ್ಯಾಲ ಮದುವಿ."

ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ವಾರ ನಮ್ಮಲ್ಲಿ ಮದುವೆ ಮಾಡುವುದಿಲ್ಲ. ಅಷ್ಟರೊಳಗೆ ಸೂರು ಆಗದಿದ್ದರೆ ಮದುವೆ ಮುಂದಿನ ವರ್ಷಕ್ಕೆ ಬಿತ್ತು. ಅದೂ ಹೋಗಲಿ, ಹುಬ್ಬಳ್ಳಿಯಲ್ಲಿ ರೈಲ್ವೆ ನೌಕರಿಯ ಒಬ್ಬ ಹುಡುಗನಿದ್ದಾನೆ, ಅವರ ಕಡೆಯವರು ಸುಗುಣಾಳನ್ನು ಇನ್ನೂ ಕೇಳುತ್ತಲೇ ಇದ್ದಾರೆ ಎಂಬ ಸುದ್ದಿ ಬಂತು. ರೈಲ್ವೆಯವರಿಗೆ ಪುಕ್ಕಟೆ ಪಾಸು ಇರುತ್ತದೆ. ನನ್ನ ಬಳಿ ಇದ್ದದ್ದು ಒಂದು ಸೈಕಲ್ಲು, ಅದಕ್ಕೂ ಗಂಟೆ ಇರಲಿಲ್ಲ.

ಅಂದಿನಿಂದ ನನ್ನಷ್ಟು ದೈವಭಕ್ತ ಗುಳೇದಗುಡ್ಡದಲ್ಲಿ ಇರಲಿಲ್ಲ. ಪಗಾರದ ದೊಡ್ಡ ಪಾಲು ಮಖಮಲ್ಲಿನೊಳಗೆ ಇಳಿಯಿತು. ಅಯ್ಯನವರು ತುಂಬಿದ ಸಭೆಯಲ್ಲಿ ನನ್ನ ಹೆಸರು ಹೇಳಿ ಯುವಕರು ಹೀಗಿರಬೇಕು ಎಂದರು. ಸಂಗಪ್ಪಣ್ಣ ಮಾತ್ರ, "ಮಾಸ್ತರಗ ಬಾದಾಮಿ ಗಾಳಿ ಬಡದೈತಿ, ಅದಕ್ಕ ಸೂರಿನ ಮ್ಯಾಲ ಇಷ್ಟು ಭಕ್ತಿ" ಎಂದು ಓಣಿಗೆಲ್ಲ ಸಾರಿದ. ಒಬ್ಬನ ಪ್ರೇಮದಿಂದ ಒಂದು ಸೂರು ಆಗುವುದಿಲ್ಲ. ಎಲ್ಲರೂ ಚರ್ಚಿನ ಬೆಳೆಹಬ್ಬದ ಲಿಲಾವಿನ ಮೇಲೆ ಕಣ್ಣಿಟ್ಟೆವು.

ಬೆಳೆಹಬ್ಬಕ್ಕೆ ಹೊಲ ಇದ್ದವರು ಮೊದಲ ಫಲ ತರುತ್ತಾರೆ. ನಾವು ನೇಕಾರರು, ಮಗ್ಗದಲ್ಲಿ ಬೆಳೆಯುವ ಖಣವನ್ನೇ ತರುತ್ತೇವೆ. ಆರಾಧನೆ ಮುಗಿದ ಮೇಲೆ ಅಂಗಳದ ಬೇವಿನ ಮರದ ಕೆಳಗೆ ಎಲ್ಲವನ್ನೂ ಲಿಲಾವು ಕೂಗಿ ಮಾರುವುದು ಪದ್ಧತಿ. ಕೊಂಡವನು ವಸ್ತುವನ್ನು ಮತ್ತೆ ದೇವರಿಗೇ ಕೊಟ್ಟುಬಿಡುತ್ತಾನೆ, ಅದೇ ವಸ್ತು ಮತ್ತೆ ಲಿಲಾವಿಗೆ ಬರುತ್ತದೆ. ಒಂದು ನಿಂಬೆಹಣ್ಣು ಹೀಗೆ ಕೈಯಿಂದ ಕೈಗೆ ತಿರುಗಿ ಒಂದು ಕುರಿಯ ಬೆಲೆ ತಂದದ್ದುಂಟು. ಪೇಟೆಯ ಲೆಕ್ಕಶಾಸ್ತ್ರ ಓದಿದವರು ಇದನ್ನು ನಂಬುವುದಿಲ್ಲ, ನಂಬದಿದ್ದರೆ ಬಿಡಿ. ಲಿಲಾವು ಕೂಗುತ್ತಿದ್ದವರು ದೇವದಾನಪ್ಪ ಕಾಕಾ. ವಾರವೆಲ್ಲ ಮಗ್ಗದ ಸಪ್ಪಳದ ಮೇಲೆ ಮಾತಾಡಿ ಅಭ್ಯಾಸವಾದ ಗಂಟಲು, ಗುಟ್ಟು ಹೇಳಿದರೂ ಬಾದಾಮಿ ಪಕ್ಕದ ಬನಶಂಕರಿಯವರೆಗೆ ಕೇಳಬೇಕು.

ಅವ್ವ ಆ ವರ್ಷ ನಮ್ಮ ಮನೆಯ ಹುಂಜವನ್ನೇ ಹರಕೆ ಕೊಟ್ಟಳು. "ಸೂರು ಆಗ್ಲಿ, ನನ್ನ ಮಗನ ಮದುವಿ ಆಗ್ಲಿ" ಎಂದು ಅದರ ಕಾಲಿಗೆ ದಾರ ಕಟ್ಟಿದಳು. ಕೆಂಡದ ಬಣ್ಣದ, ಮೊಣಕಾಲೆತ್ತರದ ಪ್ರಾಣಿ. ನನ್ನನ್ನು ಕಂಡರೆ ಅದಕ್ಕೆ ಆಗುತ್ತಿರಲಿಲ್ಲ, ನನಗೂ ಅದನ್ನು ಕಂಡರೆ ಆಗುತ್ತಿರಲಿಲ್ಲ. ಅದರ ಬೀಳ್ಕೊಡುಗೆಗೆ ನಾನು ಮನಃಪೂರ್ವಕ ಒಪ್ಪಿಗೆ ಕೊಟ್ಟೆ.

ಹುಂಜ ಲಿಲಾವಿಗೆ ಬಂತು. ಸಂಗಪ್ಪಣ್ಣ ಕೊಂಡ, ತಿರುಗಿ ಕೊಟ್ಟ. ಕಾಕಾ ತಾವೇ ಕೂಗಿ ತಾವೇ ಕೊಂಡರು, ತಿರುಗಿ ಕೊಟ್ಟರು. ಬಾದಾಮಿಯಿಂದ ಬಂದು ಹಿಂದೆ ನಿಂತಿದ್ದ ಯೋಹಾನಪ್ಪನವರಿಗೂ ಹುರುಪು ಏರಿತು. ಬೆಲೆ ಎಷ್ಟಕ್ಕೆ ಹೋಯಿತೆಂದರೆ ಆ ದುಡ್ಡಿಗೆ ಹುಂಜದ ವಂಶವೃಕ್ಷವೇ ಬರುತ್ತಿತ್ತು. "ಒಂದ ಸಾರಿ, ಎರಡ ಸಾರಿ, ಕಂಪೌಂಡರ್ ಸಾಹೇಬರಿಗೆ ಮೂರ ಸಾರಿ" ಎಂದು ಕಾಕಾ ಗುಡುಗಿದರು. ಯೋಹಾನಪ್ಪನವರು ಮುಂದೆ ಬಂದು, ಚುಚ್ಚುವ ಮದ್ದಿಗೆ ಮಗುವಿನ ತೋಳು ಹಿಡಿಯುವ ಹಾಗೆ, ಎರಡೇ ಬೆರಳಲ್ಲಿ ಅದರ ರೆಕ್ಕೆ ಹಿಡಿದರು. ಅದು ಕುಕ್ಕಿತು. ಅವರು ಬಿಟ್ಟರು. ಹುಂಜ ಬೇವಿನ ಕೊಂಬೆಗೆ ಹಾರಿ, ಅಲ್ಲಿಂದ ಹಂಚಿನ ಸೂರಿಗೆ ಹಾರಿ, ನೆತ್ತಿಯ ಮೇಲೆ ನಿಂತು ಕೂಗಿತು.

ಈಗ ನಾನು ನೆನಪಿಡಲು ಹೇಳಿದ ಮಾತಿಗೆ ಬನ್ನಿ. ಹುಟ್ಟಿದಾಗಿನಿಂದ ಮಾಳಿಗೆಯ ಮೇಲೆ ಓಡಾಡಿದ ಜನ. ಒಬ್ಬರಿಗೂ ಒಂದು ಕ್ಷಣದ ಅನುಮಾನ ಬರಲಿಲ್ಲ. ಗಂಟೆಯ ಪಕ್ಕದ ನಿಚ್ಚಣಿಕೆ ಹಾಕಿದರು, ಮರ ಹತ್ತಿದರು, ಹುಂಜದ ಹಿಂದೆ ಹೊರಟರು. ಹಂಚು ಪಟಪಟ ಎನ್ನತೊಡಗಿದವು. ಕಾಕಾ ಒಂದು ಕಡೆ, ಸಂಗಪ್ಪಣ್ಣ ಒಂದು ಕಡೆ, ಕೊಂಡವರು ತಾವೇ ಎಂಬ ಅಭಿಮಾನದಿಂದ ಬರಿಯ ಕಾಲುಚೀಲದಲ್ಲಿ ಯೋಹಾನಪ್ಪನವರು ನಡುವೆ. ಅಯ್ಯನವರು ಕೆಳಗೆ ನಿಂತು "ಇಳೀರಿ, ಇಳೀರಿ" ಎನ್ನುತ್ತಿದ್ದರು. ಇಳಿಯಲಿಕ್ಕೂ ಹಂಚನ್ನೇ ತುಳಿಯಬೇಕಲ್ಲ?

ನಾನು ಹತ್ತಲಿಲ್ಲ. ನನಗೆ ಎತ್ತರವೆಂದರೆ ಭಯ. ಮೇಲಿನ ಸದ್ದು ಕೇಳಲಾರದೆ ಚರ್ಚಿನ ಒಳಗೆ ಓಡಿದೆ. ಅಷ್ಟರಲ್ಲಿ ವೇದಿಯ ಹತ್ತಿರ ಹಂಚೊಂದು ಒಡೆದು ಬೆಳಕಿನ ಜೊತೆಗೆ ಒಂದು ಕಾಲು ಒಳಗೆ ಇಳಿಯಿತು. ಮೊಣಕಾಲಿನವರೆಗೆ ಪ್ಯಾಂಟು, ಕೆಳಗೆ ಕಂದು ಕಾಲುಚೀಲ. ಸೂರಿನ ತೂತನ್ನು ಸಹಿಸದ ಆ ದೊಡ್ಡ ಮನುಷ್ಯರ ಕಾಲುಚೀಲದ ತುದಿಯಲ್ಲಿ ಒಂದು ತೂತು, ಅದರಿಂದ ಹೆಬ್ಬೆರಳು ಹೊರಬಂದು ಗಾಬರಿಯಿಂದ ಅತ್ತಿತ್ತ ಆಡುತ್ತಿತ್ತು. ಒಳಗಿನ ದೀಪ ಹಚ್ಚುವ ಏಣಿ ತಂದು, ಎತ್ತರದ ಭಯವನ್ನೆಲ್ಲ ಮರೆತು ಹತ್ತಿ, ಎರಡೂ ಕೈಯಿಂದ ಆ ಪಾದ ಹಿಡಿದು ಮೇಲಕ್ಕೆ ಒತ್ತಿದೆ. ಹೆಣ್ಣು ಕೊಟ್ಟವರ ಕಾಲು ಹಿಡಿದ ಅಳಿಯಂದಿರು ಬೇಕಾದಷ್ಟಿದ್ದಾರೆ. ಕೆಳಗಿನಿಂದ ಹಿಡಿದವನು ನಾನೊಬ್ಬನೇ ಇರಬೇಕು.

"ಯಾರಪಾ ಕೆಳಗ?" ಎಂದಿತು ಮೇಲಿನ ದನಿ.

"ನಾನ್ರೀ... ಮಾವ." ಹಾಗೆ ಕರೆದದ್ದು ಅದೇ ಮೊದಲು.

ನನ್ನ ಕೈಯೊಳಗಿನ ಹೆಬ್ಬೆರಳು ಆಡುವುದನ್ನು ನಿಲ್ಲಿಸಿತು. ಆಮೇಲೆ, "ಸರೀ ನಿಂದರಪಾ. ಹಂಚು ತಲಿ ಮ್ಯಾಲ ಬಿದ್ದಾವು" ಎಂದರು. ಆ ದನಿಯಲ್ಲಿ ಕಂಪೌಂಡರ್ ಇರಲಿಲ್ಲ, ಮಾವನೇ ಇದ್ದ. ನನ್ನ ಕಣ್ಣು ತುಂಬಿತು. ಸ್ವಲ್ಪ ಹಂಚಿನ ಧೂಳೂ ಬಿದ್ದಿತ್ತೆನ್ನಿ.

ಮಾವನ ಕಾಲು ಬಿಡಿಸಿಕೊಂಡು ಎಲ್ಲರೂ ಕೆಳಗಿಳಿಯುವ ಹೊತ್ತಿಗೆ ಹುಂಜ ತಾನಾಗಿಯೇ ಇಳಿದು, ಮನೆಗೆ ಹೋಗಿ, ತನ್ನ ಬುಟ್ಟಿಯಲ್ಲಿ ಕುಳಿತಿತ್ತು. ಲಿಲಾವಿನಲ್ಲಿ ಬಂದ ದುಡ್ಡು ಅದನ್ನು ಹಿಡಿಯಲು ಹೋಗಿ ಒಡೆದ ಹಂಚುಗಳ ಅರ್ಧಕ್ಕೂ ಸಾಲುತ್ತಿರಲಿಲ್ಲ. ನನ್ನ ಮದುವೆ ಹುಬ್ಬಳ್ಳಿಯ ರೈಲು ಹತ್ತಿತು ಎಂದುಕೊಂಡೆ.

ಮುಂದಿನ ಭಾನುವಾರ ಅಯ್ಯನವರು ಹಂಚಿನ ಹೆಸರೇ ಎತ್ತಲಿಲ್ಲ. ಆಕಾಶ ಅಲ್ಲಲ್ಲಿ ನೇರವಾಗಿ ಕಾಣುತ್ತಿತ್ತು, ಹೇಳುವುದೇನಿದೆ? ಆಶೀರ್ವಾದ ಮುಗಿಯುತ್ತಲೇ, ಬಾದಾಮಿಯಿಂದ ಮತ್ತೆ ಬಂದಿದ್ದ ಯೋಹಾನಪ್ಪನವರು ಎದ್ದು ನಿಂತರು. "ವೇದಿ ಹತ್ರದ ತೂತು ನಂದ್ರಿ. ಅದನ್ನ ನಾ ಮಾಡಸ್ತೇನಿ." ಒಡನೆ ಕಾಕಾ, "ಬಲಕ್ಕಿನ ಸಾಲು ಪೂರಾ ನಂದು" ಎಂದರು. ಬಾಗಿಲಲ್ಲಿ ನಿಂತಿದ್ದ ಸಂಗಪ್ಪಣ್ಣ, "ಗಂಟಿ ಕಡೆ ಒಡದಾಂವ ನಾನರಿ. ಒಂದ ಹಂಚು ಅಂದ್ರ ಸುಳ್ಳ ಆಕ್ಕೈತಿ" ಎಂದ. ಒಬ್ಬೊಬ್ಬರೇ ಎದ್ದು ಬೆರಳು ಮಾಡಿ ತಮ್ಮ ತಮ್ಮ ತೂತು ತೋರಿಸಿದರು. ಒಂದು ತೂತಿಗಾಗಿ ಇಬ್ಬರು ಜಗಳಕ್ಕೇ ಬಿದ್ದರು, ಅದು ನನ್ನ ಹೆಜ್ಜೆ, ಅಲ್ಲ ನನ್ನದು ಎಂದು. ವರ್ಷಗಟ್ಟಲೆ ಪ್ರಸಂಗದಿಂದ ಆಗದ ಕೆಲಸ ಒಂದು ಹುಂಜದಿಂದ ಆಯಿತು. ತಾನಾಗಿ ಹಾಳಾದ ಹಂಚಿಗೆ ಕೊಡು ಎಂದರೆ ಅದು ಚಂದಾ. ತಾನು ಒಡೆದ ಹಂಚಿಗೆ ಕೊಡುವುದು ಮರ್ಯಾದೆಯ ಪ್ರಶ್ನೆ.

ನವೆಂಬರಿನ ಮೊದಲ ವಾರ ನಮ್ಮ ಮದುವೆ. ಕಪ್ಪು ಹಂಚುಗಳ ನಡುವೆ ಹೊಸ ಕೆಂಪು ಹಂಚುಗಳು ಹುಂಜ ಓಡಿದ ದಾರಿಯನ್ನು ಊರಿಗೆಲ್ಲ ತೋರಿಸುತ್ತಿದ್ದವು. ಅಯ್ಯನವರು ಪ್ರತಿಜ್ಞೆ ಓದಿಸಲು ಪುಸ್ತಕ ತೆರೆಯುವ ಹೊತ್ತಿಗೆ ಸ್ವಾತಿ ಮಳೆ ಹಿಡಿಯಿತು. ಎಲ್ಲರೂ ಕತ್ತೆತ್ತಿ ತಮ್ಮ ತಮ್ಮ ಹಂಚು ನೋಡಿಕೊಂಡು ಹಿಗ್ಗಿದರು. ಒಂದೂ ಸೋರಲಿಲ್ಲ. ಆಗ, ಮಗಳನ್ನು ಒಪ್ಪಿಸಲು ವೇದಿಯ ಮುಂದೆ ನಿಂತಿದ್ದ ಮಾವನ ಬೋಳುತಲೆಯ ನಟ್ಟನಡುವೆ, ಹಿಂದೆ ಬಿದ್ದ ಜಾಗದಲ್ಲಿಯೇ, ಒಂದು ಹನಿ ಬಿತ್ತು.

ಮೊದಲು ಸೋರುತ್ತಿದ್ದ ಹಂಚನ್ನು ಯಾರೂ ತುಳಿದಿರಲಿಲ್ಲ. ಯಾರೂ ತುಳಿಯದ್ದರಿಂದ ಅದು ಯಾರದೂ ಆಗಿರಲಿಲ್ಲ. ಯಾರದೂ ಅಲ್ಲದ್ದರಿಂದ ಅದನ್ನು ಯಾರೂ ಬದಲಿಸಿರಲಿಲ್ಲ.

ಅಯ್ಯನವರು ಓದುವುದನ್ನು ನಿಲ್ಲಿಸಿದರು. ಮಾವ ನಿಧಾನವಾಗಿ ಮೇಲೆ ನೋಡಿದರು, ಆಮೇಲೆ ನನ್ನನ್ನು ನೋಡಿದರು. ನನಗೆ ರೈಲಿನ ಸಿಳ್ಳು ಕೇಳಿದಂತಾಯಿತು. ಅವರು ಬೆಂಚಿನಿಂದ ತಮ್ಮ ಛತ್ರಿ ತೆಗೆದುಕೊಂಡು ಬಿಚ್ಚಿ, ನಮ್ಮಿಬ್ಬರ ಮೇಲೆ ಹಿಡಿದರು. ಹನಿ ಅವರ ತಲೆಯ ಮೇಲೆಯೇ ಬೀಳುತ್ತಿತ್ತು. "ಮುಂದ ಓದ್ರಿ ಅಯ್ನೋರ" ಎಂದರು.

ಛತ್ರಿಯ ಕೆಳಗೆ ಸುಗುಣಾ ತುಟಿ ಅಲುಗಿಸದೆ ನನಗೆ ಮಾತ್ರ ಕೇಳುವಂತೆ, "ನಿಮ್ಮ ಹುಂಜ ಇದೊಂದನ್ನ ಬಿಟ್ಟಿತ್ತು ನೋಡ್ರಿ" ಎಂದಳು. ಸುಖದಲ್ಲಿಯೂ ದುಃಖದಲ್ಲಿಯೂ ಎಂದು ಹೇಳಬೇಕಾದ ಜಾಗದಲ್ಲಿ ನಾನು ಕಿಸಕ್ಕನೆ ನಕ್ಕುಬಿಟ್ಟೆ. ಅಯ್ಯನವರು ಎರಡನೆಯ ಸಲ ಹೇಳಿಸಿದರು. ಹೀಗಾಗಿ ನಮ್ಮ ಮದುವೆ ಉಳಿದವರ ಮದುವೆಗಿಂತ ಸ್ವಲ್ಪ ಹೆಚ್ಚು ಗಟ್ಟಿ.

ಮದುವೆಯ ಮುಯ್ಯಿಯಲ್ಲಿ ಬಂದ ದುಡ್ಡಿನಿಂದ ನಾವಿಬ್ಬರೂ ಮಾಡಿದ ಮೊದಲ ಖರ್ಚು ಆ ಹಂಚು. ಕೊಂಡ ಹುಂಜವನ್ನು ಮಾವ ಒಯ್ಯಲಿಲ್ಲ, ದೇವರದು ಎಂದು ಅವ್ವ ಅದನ್ನು ಕೊಯ್ಯಲು ಬಿಡಲಿಲ್ಲ. ಅದು ಬಹಳ ದಿನ ಬಾಳಿ ಪ್ರತಿ ಬೆಳಗು ನನ್ನ ಮೇಲೆ ಸೇಡು ತೀರಿಸಿಕೊಂಡಿತು. ಕೆಂಪು ಹಂಚುಗಳೆಲ್ಲ ಈಗ ಕಪ್ಪಾಗಿ ಹಳೆಯವುಗಳೊಂದಿಗೆ ಬೆರೆತುಹೋಗಿವೆ, ಹೊರಗಿನವರಿಗೆ ಯಾವುದು ಯಾರದೆಂದು ತಿಳಿಯುವುದಿಲ್ಲ. ಮಳೆ ಬಂದರೆ ಮಾತ್ರ ಇಡೀ ಸಭೆ ಕತ್ತೆತ್ತುತ್ತದೆ. ಹೊಸ ಅಯ್ಯನವರು ಅದನ್ನು ಭಕ್ತಿ ಎಂದು ತಿಳಿದಿದ್ದಾರೆ, ನಾವು ತಿದ್ದಲು ಹೋಗಿಲ್ಲ.

ಮಾವ ನಿವೃತ್ತರಾಗಿ ನಮ್ಮೂರಿಗೇ ಬಂದಿದ್ದಾರೆ. ಆರಾಧನೆಯ ನಡುವೆ ಮಳೆ ಶುರುವಾದರೆ ತಮ್ಮ ಹಂಚಿನ ಕೆಳಗಿಂದ ಎದ್ದು ಬಂದು ನಮ್ಮ ಹಂಚಿನ ಕೆಳಗೆ ಕೂರುತ್ತಾರೆ, ಛತ್ರಿಯನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು.