ಅಕ್ಕನ ಅಂಕಿಗೆ ಕಾಯುವ ಸೋಮವಾರ

ನಮ್ಮದು ಬಾಗಲಕೋಟೆಯಲ್ಲಿ ನಾಲ್ಕೇ ಜನರ ಸಾಫ್ಟ್‌ವೇರ್ ತಂಡ. ರಾಮಥಾಳದ ಕಡೆಯ ಹೊಲಗಳಿಗೆ ನೀರು ಯಾವಾಗ ಬಿಡುತ್ತಾರೆಂದು ಮೊಬೈಲಿಗೆ ತಿಳಿಸುವ ಆ್ಯಪ್ ಮಾಡುತ್ತೇವೆ. ಸೋಮವಾರ ಬಂತೆಂದರೆ ಅಂದಾಜಿನ ಮೀಟಿಂಗು. ಒಂದೊಂದು ಕೆಲಸಕ್ಕೂ ಎಷ್ಟು ಶ್ರಮ ಬೇಕೆಂದು ಪ್ರತಿಯೊಬ್ಬರೂ ಕಂಪ್ಯೂಟರಿನಲ್ಲಿ ಒಂದು ಅಂಕಿ ಒತ್ತಬೇಕು. ಕೆಲಸ ದೊಡ್ಡದಾದರೆ ಅಂಕಿಯೂ ದೊಡ್ಡದು. ಎಲ್ಲರೂ ಒತ್ತುವವರೆಗೆ ಯಾರದ್ದೂ ಕಾಣುವುದಿಲ್ಲ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವ ಈ ಕಸುಬಿನ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು.

ಒಬ್ಬರನ್ನು ನೋಡಿ ಇನ್ನೊಬ್ಬರು ಒತ್ತಬಾರದೆಂದೇ ಹಾಗೆ ಮುಚ್ಚಿಡುವುದು. ಆದರೆ ನಾವು ಈ ಕಡೆಯ ಮಂದಿ, ಹಿರಿಯರನ್ನು ಬಿಟ್ಟು ಮೊದಲು ಬಾಯಿ ತೆರೆಯುವುದು ಹೇಗೆ? ಹುನಗುಂದದಿಂದ ದಿನಾ ಬಸ್ಸಿಗೆ ಬರುತ್ತಿದ್ದ ಅಕ್ಕನೇ ನಮ್ಮಲ್ಲಿ ಹಿರಿಯಳು. ಸ್ವಂತ ಅಕ್ಕನಲ್ಲ; ನನಗೂ, ನಮ್ಮ ಟೀಮ್ ಲೀಡ್‌ಗೂ ಕೆಲಸ ಕಲಿಸಿದವಳು. ಅವಳು ಒತ್ತಿದ ಗುರುತು ಪರದೆಯ ಮೇಲೆ ಬಂದ ಮೇಲೆಯೇ ನಮ್ಮ ಬೆರಳುಗಳು ಏಳುತ್ತಿದ್ದವು.

"ನನ್ನ ಮಾರಿ ಏನ್ ನೋಡ್ತೀರಿ? ತಲಿ ಮನ್ಯಾಗ ಬಿಟ್ಟು ಬಂದೀರೇನು?" ಎಂದು ಬೈಯುತ್ತಿದ್ದಳು. ಬೈದು, ಎಲ್ಲರಿಗೂ ಚಹಾ ಹೇಳುತ್ತಿದ್ದಳು.

ದೀಪಾವಳಿ ಮುಗಿದ ವಾರ ಜ್ವರವೆಂದು ದವಾಖಾನೆ ಸೇರಿದಳು. ಫೋನ್ ಮಾಡಿದರೆ, "ಸಣ್ಣ ಜ್ವರ ಐತಿ. ಸೋಮವಾರ ಬರ್ತೇನಿ. ಅಂದಾಜು ನನ್ನ ಬಿಟ್ಟು ಮಾಡಬ್ಯಾಡ್ರಿ ಮತ್ತ," ಎಂದಳು. ಸೋಮವಾರ ಬರುವ ಮೊದಲೇ ಹೋಗಿಬಿಟ್ಟಳು.

ಆಮೇಲೂ ಪರದೆಯ ಮೇಲೆ ಅವಳ ಹೆಸರು, ಪಕ್ಕದಲ್ಲಿ 'ಇನ್ನೂ ಒತ್ತಿಲ್ಲ'. ನಾವು ಮೂವರೂ ಅದನ್ನೇ ನೋಡುತ್ತ ಕೂರುತ್ತಿದ್ದೆವು. ಕಡೆಗೆ ಲೀಡ್ ಕೆಮ್ಮುತ್ತಿದ್ದ, ಆಗ ಒತ್ತುತ್ತಿದ್ದೆವು. ಆದರೂ ಅವಳದೊಂದು ಬಾಕಿಯೆಂದು ಅಂಕಿಗಳು ತಾವಾಗಿ ತೆರೆಯುತ್ತಿರಲಿಲ್ಲ, ಅವನೇ ತೆರೆಯಬೇಕಿತ್ತು. ಒಮ್ಮೆ ಅವಳ ಹೆಸರು ಮಿಣುಕಿದಂತಾಯಿತು. ನೆಟ್‌ವರ್ಕ್ ಕೈಕೊಟ್ಟಿತ್ತು, ಅಷ್ಟೇ. ಆದರೂ ಅವಳ ಕುರ್ಚಿಯತ್ತ ತಿರುಗಿ ನೋಡಿದೆ. ಖರೆ ಹೇಳುತ್ತೇನೆ, ನನಗೆ ಭಯವಾಗಲಿಲ್ಲ, ಆಸೆಯಾಯಿತು.

ಕಳೆದ ಸೋಮವಾರ ಅಂದಾಜಿಗೆ ಬಂದ ಕೆಲಸ, ಅಕ್ಕನ ಹೆಸರನ್ನು ಎಲ್ಲ ಕಡೆಯಿಂದ ಅಳಿಸುವುದು. ಲೀಡ್ ನೆಲ ನೋಡುತ್ತ ಓದಿದ. ಅವನೂ ಒತ್ತಿದ, ಇನ್ನೊಬ್ಬನೂ ಒತ್ತಿದ. ಐದು ನಿಮಿಷದ ಕೆಲಸ, ನನಗೂ ಗೊತ್ತು. ಹಾಳಾದ್ದು, ಬೆರಳು ಏಳಲೊಲ್ಲದು. ಆ ಹೆಸರೂ ಹೋದರೆ ಅಕ್ಕ ಇಲ್ಲಿಗೆ ಬಂದು ಕೂರಲು ಜಾಗವೇ ಇಲ್ಲವಲ್ಲ!

"ಯಾಕ್ರಿ, ನೀವೊಬ್ರ ಬಾಕಿ ಅದೀರಿ," ಎಂದ ಲೀಡ್, ಮೆಲ್ಲಗೆ.

"ಇಬ್ರ ಅದೀವ್ರಿ," ಎಂದೆ.